ಕವರ್, ಕೇಬಲ್, ಕಬ್ಬಿಣದ ಪುಡಿ

ಬೆಂಗಳೂರಿನ ಟಿ. ದಾಸರಹಳ್ಳಿಯ ಮೊಬೈಲ್ ರಿಪೇರಿ ಅಂಗಡಿಗಳಿಗೆ ಈ ದೂರು ಹೊಸದಲ್ಲ: ‘ಸೌಂಡೇ ಬರ್ತಿಲ್ಲ ಅಣ್ಣ, ಸ್ಪೀಕರ್ ಹೋಗಿದೆ ಅನ್ಸುತ್ತೆ.’ ಮೇಜಿನ ಹಿಂದೆ ಕೂತವರು ಸ್ಪೀಕರ್ ಬಿಚ್ಚುವ ಗೋಜಿಗೇ ಹೋಗುವುದಿಲ್ಲ. ಫೋನನ್ನು ದೀಪದ ಕೆಳಗೆ ಓರೆಯಾಗಿ ಹಿಡಿದು, ತಳದ ಜಾಲರಿಯ ಮೇಲೆ ಕಪ್ಪು ರೋಮದ ಹಾಗೆ ನಿಮಿರಿ ನಿಂತ ಪುಡಿಯನ್ನು ತೋರಿಸುತ್ತಾರೆ. ಅದು ಪಕ್ಕದ ಪೀಣ್ಯ ಕೈಗಾರಿಕಾ ಪ್ರದೇಶದ ಗ್ರೈಂಡಿಂಗ್ ಮಿಷಿನ್ನಿನಿಂದ ಹಾರಿದ ಕಬ್ಬಿಣದ ಪುಡಿ. ಸ್ಪೀಕರಿನೊಳಗಿನ ಅಯಸ್ಕಾಂತ ಶಿಫ್ಟ್ ಮುಗಿಯುವವರೆಗೂ ಅದನ್ನು ಎಳೆದುಕೊಳ್ಳುತ್ತಲೇ ಇರುತ್ತದೆ. ಬ್ರಷ್ಷಿನಿಂದ ಉಜ್ಜಿದರೆ ಒಳಕ್ಕಿಳಿಯುತ್ತದೆ. ಅಂಟು ಟೇಪನ್ನು ಒತ್ತಿ ಒತ್ತಿ ಎತ್ತಬೇಕು. ಐದು ನಿಮಿಷದ ಕೆಲಸ. ಕೊನೆಗೆ ಗಿರಾಕಿಗೆ ಸಿಗುವುದು ಹೊಸ ಸ್ಪೀಕರ್ ಅಲ್ಲ, ಜಾಲರಿಯ ಮೇಲೆ ಅಂಟಿಸುವ ಒಂದು ತೆಳ್ಳನೆ ದೂಳುಬಲೆ.

ದಸರೆ-ದೀಪಾವಳಿಯ ಹೊತ್ತಿಗೆ ಎಲ್ಲೆಲ್ಲೂ ಹೊರಡುವ ‘ನಿಮ್ಮ ಫೋನಿಗೆ ಬೇಕೇ ಬೇಕಾದ ಹತ್ತು ವಸ್ತು’ ಪಟ್ಟಿಗಳಲ್ಲಿ ಆ ದೂಳುಬಲೆ ಕಾಣುವುದಿಲ್ಲ. ಅಲ್ಲಿರುವುದು ಅಂಕಿಗಳ ಮೆರವಣಿಗೆ: ಎಷ್ಟು ವ್ಯಾಟ್, ಎಷ್ಟು ಎಂಎಎಚ್, ಎಷ್ಟು ‘ಎಚ್’ ಗಟ್ಟಿ. ಆ ಪಟ್ಟಿಗಳನ್ನೇ ನಂಬಿದರೆ ಮೊಬೈಲ್ ಪರಿಕರಗಳ ಚರಿತ್ರೆಯೆಂದರೆ ವರ್ಷ ವರ್ಷ ಅಂಕಿ ಏರಿದ ಕಥೆ, ಅಷ್ಟೆ. ಬೆಂಗಳೂರಿನ ಹೊರವಲಯದ ಮೂರು ಬೆಲ್ಟುಗಳಾದ ಕಾರ್ಖಾನೆಗಳ ಪೀಣ್ಯ, ಐಟಿ ಕಚೇರಿಗಳ ವೈಟ್‌ಫೀಲ್ಡ್ ಮತ್ತು ಎಲೆಕ್ಟ್ರಾನಿಕ್ ಸಿಟಿಯಲ್ಲಿ ಈ ವ್ಯಾಪಾರ ಬೆಳೆದು ಬಂದ ದಾರಿ ಹಾಗಿಲ್ಲ. ಅಲ್ಲಿ ಯಾವುದು ಉಪಯುಕ್ತ ಎಂದು ತೀರ್ಮಾನವಾದದ್ದು ಜಾಹೀರಾತಿನಲ್ಲಿ ಅಲ್ಲ, ವಾಪಸ್ ಬಂದ ಮಾಲಿನಲ್ಲಿ.

ಮೊದಲ ಘಟ್ಟವನ್ನು ಬೇಗ ದಾಟಬಹುದು. 1995ರ ಜುಲೈ 31ರಂದು ಕೋಲ್ಕತ್ತದಿಂದ ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ದೆಹಲಿಯಲ್ಲಿದ್ದ ಕೇಂದ್ರ ಸಂಪರ್ಕ ಸಚಿವ ಸುಖ್ ರಾಮ್ ಅವರಿಗೆ ಮಾಡಿದ ಕರೆಯೊಂದಿಗೆ ದೇಶದಲ್ಲಿ ಮೊಬೈಲ್ ಶುರುವಾಯಿತು. ಬಂದ ಕರೆಗೂ ದುಡ್ಡು ಕೊಡಬೇಕಿದ್ದ ಆ ಕಾಲದಲ್ಲಿ ಪರಿಕರವೆಂದರೆ ಬೆಲ್ಟಿಗೆ ಸಿಕ್ಕಿಸುವ ಚರ್ಮದ ಪೌಚು, ಕಾರಿನ ಚಾರ್ಜರು. ಎರಡೂ ಉಪಯೋಗಕ್ಕಿಂತ ಠೀವಿಗೇ ಹೆಚ್ಚು ಒದಗಿದವು.

ನಿಜವಾದ ಆರಂಭ 2003. ಆ ವರ್ಷದ ಮೇ ತಿಂಗಳಿಂದ ಒಳಬರುವ ಕರೆ ಉಚಿತವಾಯಿತು. ಅದೇ ವರ್ಷ ನೋಕಿಯಾ 1100 ಬಂತು. ತಲೆಯಲ್ಲಿ ಟಾರ್ಚು, ಗುಂಡಿಗಳ ಮೇಲೆ ದೂಳು ತಡೆಯುವ ರಬ್ಬರಿನ ಹೊದಿಕೆ. ಜಗತ್ತಿನಾದ್ಯಂತ 25 ಕೋಟಿಗೂ ಹೆಚ್ಚು ಮಾರಾಟವಾದ ಈ ಸೆಟ್ಟಿಗೆ ಕವರು, ಟೆಂಪರ್ ಗಾಜು ಯಾವುದೂ ಬೇಕಿರಲಿಲ್ಲ. ಇಂದು ಬಿಡಿಯಾಗಿ ಕೊಳ್ಳುವ ಎಷ್ಟೋ ರಕ್ಷಣೆ ಅದರ ಮೈಯಲ್ಲೇ ಇತ್ತು. ಪೀಣ್ಯದ ವರ್ಕ್‌ಶಾಪುಗಳಿಗೆ ಹೇಳಿ ಮಾಡಿಸಿದಂಥ ಫೋನು. ಅದಕ್ಕೆ ಬೇಕಾದದ್ದು ಎರಡೇ, ಬ್ಯಾಟರಿ ಮತ್ತು ಚಾರ್ಜರ್.

ಪೀಣ್ಯದ ಸುತ್ತಲಿನ ರಾಜಗೋಪಾಲನಗರ, ಹೆಗ್ಗನಹಳ್ಳಿ, ಲಗ್ಗೆರೆ, ಎಲೆಕ್ಟ್ರಾನಿಕ್ ಸಿಟಿ ಕಡೆಯ ಹೆಬ್ಬಗೋಡಿ, ಕೋನಪ್ಪನ ಅಗ್ರಹಾರಗಳ ಇಕ್ಕಟ್ಟಿನ ಅಂಗಡಿಗಳು ವಿದ್ಯೆ ಕಲಿತದ್ದು ಈ ಎರಡರ ಮೇಲೆಯೇ. ಎಸ್.ಪಿ. ರೋಡಿನಿಂದ, ಮೆಜೆಸ್ಟಿಕ್ಕಿನ ನ್ಯಾಷನಲ್ ಮಾರ್ಕೆಟ್ಟಿನಿಂದ ಮಾಲು ಬರುತ್ತಿತ್ತು. ನೋಕಿಯಾದ ಚಾರ್ಜರಿನಲ್ಲಿ ಮೊದಲು ದಪ್ಪ ಪಿನ್, ಆಮೇಲೆ ಸಣ್ಣ ಪಿನ್; ಎರಡನ್ನೂ ಬೆಸೆಯುವ ಹೆಬ್ಬೆರಳಿನಷ್ಟು ಕನ್ವರ್ಟರು ಕೀಗೊಂಚಲಿನಲ್ಲಿ ನೇತಾಡುತ್ತಿತ್ತು. ಬ್ಯಾಟರಿಯನ್ನೇ ಹೊರತೆಗೆದು ಕಚ್ಚಿಸುವ ಕ್ಲಿಪ್ ಚಾರ್ಜರು ಇನ್ನೊಂದು ಜಾಣತನ. ನೈಟ್ ಶಿಫ್ಟಿನವರು ಒಂದು ಬ್ಯಾಟರಿ ಸೆಟ್ಟಿನಲ್ಲಿ, ಇನ್ನೊಂದು ಅಂಗಡಿಯ ಕ್ಲಿಪ್ಪಿನಲ್ಲಿ ಇಟ್ಟು ಬೆಳಿಗ್ಗೆ ಅದಲುಬದಲು ಮಾಡಿಕೊಳ್ಳುತ್ತಿದ್ದರು. ಪವರ್ ಬ್ಯಾಂಕ್ ಎಂಬ ಹೆಸರು ಹುಟ್ಟುವ ಮೊದಲೇ ಅದರ ಕೆಲಸ ಹೀಗೆ ನಡೆದಿತ್ತು.

2007ರ ಆಗಸ್ಟ್ ಈ ವ್ಯಾಪಾರಕ್ಕೆ ಪಾಠ ಕಲಿಸಿದ ತಿಂಗಳು. ಮತ್ಸುಶಿತಾ ಕಂಪನಿ 2005ರ ಡಿಸೆಂಬರ್‌ನಿಂದ 2006ರ ನವೆಂಬರ್‌ವರೆಗೆ ತಯಾರಿಸಿದ 4.6 ಕೋಟಿ ಬಿಎಲ್-5ಸಿ ಬ್ಯಾಟರಿಗಳು ಚಾರ್ಜಿಗಿಟ್ಟಾಗ ವಿಪರೀತ ಬಿಸಿಯಾಗಬಹುದೆಂದು ನೋಕಿಯಾ ಎಚ್ಚರಿಸಿತು. ಊರೆಲ್ಲ ಫೋನಿನ ಬೆನ್ನು ಬಿಚ್ಚಿ, ಬ್ಯಾಟರಿಯ ಮೇಲಿನ 26 ಅಕ್ಷರಗಳ ಗುರುತನ್ನು ಕಣ್ಣು ಕಿರಿದು ಮಾಡಿ ಓದಿತು. ಬ್ಯಾಟರಿಗೂ ಒಂದು ಹುಟ್ಟಿದ ದಿನ, ತವರುಮನೆ ಇರುತ್ತದೆ ಎಂದು ಜನಕ್ಕೆ ಗೊತ್ತಾದದ್ದು ಆಗ. ಕಾಪಿ ಬ್ಯಾಟರಿಯಲ್ಲಿ ಆ ಸಂಖ್ಯೆ ಮಸುಕು, ಇಲ್ಲವೇ ಎಲ್ಲದರ ಮೇಲೂ ಒಂದೇ. ಲೇಬಲ್ ಓದಿ ಮಾಲು ಅಳೆಯುವ ಅಭ್ಯಾಸ ಅಂಗಡಿಗಳಲ್ಲಿ ಬೇರೂರಿದ್ದು ಆ ಗಲಾಟೆಯ ನಂತರ. ಆ ತಲೆಮಾರಿನವರು ಇಂದಿಗೂ ಡಬ್ಬಿಯ ಚಿತ್ರ ನೋಡುವುದಿಲ್ಲ, ನೇರವಾಗಿ ಅದನ್ನು ಬೋರಲು ಹಾಕುತ್ತಾರೆ.

ಚೈನಾ ಸೆಟ್ಟುಗಳು ನುಗ್ಗಿದ ಮೇಲೆ ಭಾಷೆಯೂ ಬದಲಾಯಿತು. ಮೋಟೊರೊಲಾದ ಎರಡು ಮಾಡೆಲುಗಳ ಹೆಸರು ಪಿನ್ನುಗಳಿಗೇ ಅಂಟಿಕೊಂಡು ಮಿನಿ ಯುಎಸ್‌ಬಿ ‘ವಿ-3’ ಆಯಿತು, ಮೈಕ್ರೋ ಯುಎಸ್‌ಬಿ ‘ವಿ-8’ ಆಯಿತು. ಆ ಫೋನುಗಳು ಗುಜರಿ ಸೇರಿ ಎಷ್ಟೋ ಕಾಲವಾದರೂ ‘ವಿ-8 ಕೇಬಲ್ ಇದೆಯಾ’ ಎಂದು ಕೇಳುವವರು ಸಿಗುತ್ತಾರೆ. ಇದೇ ಕಾಲದಲ್ಲಿ, 2009ರಲ್ಲಿ, ಬೆಂಗಳೂರಿನ ಯುಟಿಎಲ್ ಮತ್ತು ದೆಹಲಿಯ ಜೈನಾ ಕಂಪನಿಗಳು ಸೇರಿ ಕಾರ್ಬನ್ ಎಂಬ ಮೊಬೈಲ್ ಬ್ರ್ಯಾಂಡ್ ತಂದವು. ನಮ್ಮೂರಿನ ಆ ಅಧ್ಯಾಯವನ್ನು ಸರಿಯಾಗಿ ಬರೆದವರು ಕಡಿಮೆ.

ಈ ಅವಧಿಯಲ್ಲಿ ರೂಪುಗೊಂಡ ಪರೀಕ್ಷೆಯ ಕ್ರಮವನ್ನು ‘ಮೇಜಿನ ಪಂಥ’ ಎನ್ನಬಹುದು. ಅದರ ಸೂತ್ರ ಸರಳ: ಸಾಮಾನು ಹೇಗಿದೆ ಎಂದಲ್ಲ, ಎಲ್ಲಿ ಸಾಯುತ್ತದೆ ಎಂದು ನೋಡು. ಕೇಬಲ್ ಸಾಯುವುದು ಕುತ್ತಿಗೆಯಲ್ಲಿ. ಪಿನ್ ಸೇರುವ ಜಾಗದಿಂದ ಎರಡು ಬೆರಳಿನಷ್ಟು ದೂರದೊಳಗೆ ತಂತಿ ಮುರಿದಿರುತ್ತದೆ, ಮೇಲಿನ ಹೊದಿಕೆ ಮಾತ್ರ ನೆಟ್ಟಗಿರುತ್ತದೆ. ಆದ್ದರಿಂದ ನೂಲಿನ ಹೆಣಿಗೆಯ ಚಂದಕ್ಕಿಂತ ಆ ಕುತ್ತಿಗೆಯ ರಬ್ಬರು ಉದ್ದವಾಗಿ, ಮೆತ್ತಗೆ ಬಾಗುವಂತಿದೆಯೇ ಎಂಬುದು ಮುಖ್ಯ. ಇನ್ನು ಯುಎಸ್‌ಬಿ ಮೀಟರು. ಬೆಂಕಿಪೊಟ್ಟಣದಷ್ಟು ದೊಡ್ಡ ಈ ಸಾಧನವನ್ನು ಚಾರ್ಜರಿಗೂ ಕೇಬಲಿಗೂ ನಡುವೆ ಸಿಕ್ಕಿಸಿದರೆ ವೋಲ್ಟು, ಆಂಪಿಯರು ಕಣ್ಣೆದುರಿಗೆ ಬರುತ್ತವೆ. ಡಬ್ಬಿಯ ಮೇಲೆ 3 ಆಂಪಿಯರ್ ಎಂದಿದ್ದದ್ದು ಮೀಟರಿನಲ್ಲಿ 0.9ಕ್ಕೆ ನಿಂತಾಗ ವಾದ ಅಲ್ಲಿಗೇ ಮುಗಿಯುತ್ತದೆ. ಕೊಳ್ಳುವವರಿಗೆ ತೋರಿಸಲೇಬೇಕಾದ ಸಾಧನ ಅದು. ದೊಡ್ಡ ಮಾಲ್‌ಗಳ ಹೊಳೆಯುವ ಮಳಿಗೆಗಳಲ್ಲಿ ಅದು ಕಂಡರೆ ಅದೃಷ್ಟ.

ಸ್ಮಾರ್ಟ್‌ಫೋನ್ ಬಂದು ಬ್ಯಾಟರಿ ಒಳಗೇ ಬಂದಿಯಾದಾಗ ಕ್ಲಿಪ್ ಚಾರ್ಜರ್ ಸತ್ತಿತು, ಪವರ್ ಬ್ಯಾಂಕ್ ಹುಟ್ಟಿತು. ಮಾರತ್ತಹಳ್ಳಿ, ಕುಂದಲಹಳ್ಳಿ ಗೇಟಿನ ಟ್ರಾಫಿಕ್ಕೇ ಅದರ ಸೂಲಗಿತ್ತಿ. ಕ್ಯಾಬಿನಲ್ಲಿ ಎರಡೆರಡು ಗಂಟೆ ಕೂರುವವರಿಗೆ ಅದು ಬುತ್ತಿಯ ಹಾಗೆ. ಆದರೆ 10,000 ಎಂಎಎಚ್ ಎಂಬ ಅಂಕಿ ಒಳಗಿನ ಸೆಲ್ಲಿನ 3.7 ವೋಲ್ಟಿನ ಲೆಕ್ಕ. 5 ವೋಲ್ಟಿಗೆ ಏರಿಸಿದಾಗ ಅದು 7,400. ಪರಿವರ್ತನೆಯ ನಷ್ಟ ಕಳೆದರೆ ಆರು, ಆರೂವರೆ ಸಾವಿರ. 5,000 ಎಂಎಎಚ್ ಫೋನನ್ನು ಅದು ಎರಡು ಸಲ ತುಂಬಿಸಲಾರದು. ‘ರೇಟೆಡ್ ಕೆಪಾಸಿಟಿ’ ಎಂದು ಸಣ್ಣಕ್ಷರದಲ್ಲಿ ಅಚ್ಚಾಗಿರುವ ಎರಡನೇ ಸಂಖ್ಯೆಯೇ ನಿಜವಾದದ್ದು. ಆ ಸಂಖ್ಯೆಯೇ ಇಲ್ಲದ ಮಾಲು ಮುಟ್ಟದಿರುವುದು ಲೇಸು. ಹಬ್ಬಕ್ಕೆಂದು ಕಂಪನಿಗಳು ಲೋಗೋ ಹಾಕಿಸಿ ಹಂಚಿದ ಪವರ್ ಬ್ಯಾಂಕುಗಳಲ್ಲಿ ಎಷ್ಟೋ ಮೇಜಿನ ಖಾನೆಗಳಲ್ಲಿ ಉಬ್ಬಿಕೊಂಡು ಕೂತಿವೆ. ಮೆಟ್ರೊದ ನೇರಳೆ ಮಾರ್ಗ 2023ರ ಅಕ್ಟೋಬರ್‌ನಲ್ಲಿ ವೈಟ್‌ಫೀಲ್ಡಿನವರೆಗೆ ಪೂರ್ತಿಯಾಗಿ, ಹಳದಿ ಮಾರ್ಗ 2025ರ ಆಗಸ್ಟ್‌ನಲ್ಲಿ ಎಲೆಕ್ಟ್ರಾನಿಕ್ ಸಿಟಿ ದಾಟಿ ಬೊಮ್ಮಸಂದ್ರಕ್ಕೆ ಓಡತೊಡಗಿದ ಮೇಲೆ, ಮೆಟ್ರೊ ಹತ್ತುವವರಿಗೆ ಆ ಇಟ್ಟಿಗೆ ಹೊರುವ ಅಗತ್ಯವೂ ಕಮ್ಮಿಯಾಗಿದೆ. ಆಫೀಸಿನ ಮೇಜಿನಲ್ಲಿ ಒಂದು ಒಳ್ಳೆಯ ಚಾರ್ಜರಿದ್ದರೆ ಬಹುಪಾಲು ಜನಕ್ಕೆ ಸಾಕು.

ಟೆಂಪರ್ ಗಾಜಿನ ‘9ಎಚ್’ ಇನ್ನೊಂದು ದೊಡ್ಡ ತಪ್ಪು ತಿಳಿವಳಿಕೆ. ಅದು ಪೆನ್ಸಿಲ್ಲಿನ ಮಾಪನ. 9ಎಚ್ ಪೆನ್ಸಿಲ್ಲಿನಿಂದ ಗೀಚಿದರೆ ಗೆರೆ ಬೀಳದು ಎಂದಷ್ಟೇ ಅದರ ಅರ್ಥ. ಖನಿಜಗಳ ಗಡಸುತನ ಅಳೆಯುವ ಮೋಸ್ ಮಾಪನಕ್ಕೂ ಅದಕ್ಕೂ ಸಂಬಂಧವಿಲ್ಲ. ಮೋಸ್ ಲೆಕ್ಕದಲ್ಲಿ ಗಾಜು ಐದೂವರೆ, ಆರರ ಆಸುಪಾಸು. ಮರಳಿನಲ್ಲಿರುವ ಸ್ಫಟಿಕ ಏಳು. ವರ್ತೂರು, ಕಾಡುಗೋಡಿ ಕಡೆ ಅಪಾರ್ಟ್‌ಮೆಂಟ್ ಕಟ್ಟುವ ಜಾಗಗಳಿಂದ ಏಳುವ ಕಲ್ಲುಪುಡಿಯ ದೂಳು ಎಂಥ ಟೆಂಪರನ್ನೂ ಗೀರುತ್ತದೆ. ಟೆಂಪರ್ ಇರುವುದು ಗೀರು ತಡೆಯಲಿಕ್ಕಲ್ಲ, ಫೋನ್ ಬಿದ್ದಾಗ ತಾನು ಮೊದಲು ಒಡೆಯಲಿಕ್ಕೆ. ಸಾವಿರ ರೂಪಾಯಿಯದು ಒಂದು ಹಾಕಿಸುವ ಬದಲು ಸಾಧಾರಣದ್ದನ್ನು ಆರು ತಿಂಗಳಿಗೊಮ್ಮೆ ಬದಲಿಸಿ ಎಂದು ಅನುಭವಿಗಳು ಹೇಳುವುದು ಅದಕ್ಕೇ. ಬಾಗಿದ ಅಂಚಿನ ಫೋನುಗಳಿಗೆ ಹಾಕುವ ಯುವಿ ಅಂಟಿನ ಗಾಜಿನ ಕಥೆ ಬೇರೆ. ಹಾಕುವವರ ಕೈ ತಪ್ಪಿದರೆ ಅಂಟು ಇಯರ್‌ಪೀಸಿನೊಳಗೋ ಪಕ್ಕದ ಬಟನ್ನಿನೊಳಗೋ ಇಳಿದು ಕಲ್ಲಾಗುತ್ತದೆ.

ಐಫೋನ್ 12ರೊಂದಿಗೆ 2020ರಲ್ಲಿ ಬಂದ ಮ್ಯಾಗ್‌ಸೇಫ್, ಅಂದರೆ ಫೋನಿಗೂ ಕವರಿಗೂ ಚಾರ್ಜರ್ ಅಂಟುವಂತೆ ಮಾಡುವ ಬಳೆಯಾಕಾರದ ಅಯಸ್ಕಾಂತ, ವೈಟ್‌ಫೀಲ್ಡಿನ ಮೇಜಿನ ಮೇಲೆ ಒಂದು ಸೊಗಸು. ಪೀಣ್ಯದಲ್ಲಿ ಅದು ಕಬ್ಬಿಣದ ಪುಡಿಗೆ ಕೊಟ್ಟ ಆಮಂತ್ರಣ. ಭಾರತದ ಮೊದಲ ಐಫೋನುಗಳು, ಅಂದರೆ ಎಸ್‌ಇ ಮಾಡೆಲು, 2017ರಲ್ಲಿ ಜೋಡಣೆಯಾದದ್ದು ಪೀಣ್ಯದ ವಿಸ್ಟ್ರಾನ್ ಕಂಪನಿಯ ಘಟಕದಲ್ಲೇ ಎಂಬುದು ಇಲ್ಲಿ ನೆನಪಾಗುತ್ತದೆ. ಫೋನು ತಯಾರಾದ ಊರಿನ ಗಾಳಿಗೆ ಯಾವ ಕವರ್ ಹೊಂದುತ್ತದೆ ಎಂದು ಮಾತ್ರ ಯಾರೂ ಪರೀಕ್ಷಿಸಿ ಬರೆದಿಲ್ಲ.

ಕಿವಿಯ ವಿಷಯಕ್ಕೆ ಬಂದರೆ, 2016ರಲ್ಲಿ ಐಫೋನ್ 7 ಇಯರ್‌ಫೋನ್ ತೂತನ್ನು ಮುಚ್ಚಿದ ಮೇಲೆ ಹಲವರು ತಂತಿ ಬಿಟ್ಟರು. ಬಡ್ಸ್ ಕಳೆಯುತ್ತವೆ, ನೆಕ್‌ಬ್ಯಾಂಡ್ ಕಳೆಯುವುದಿಲ್ಲ ಎಂಬ ಕಾರಣಕ್ಕೆ ಕಾರ್ಖಾನೆ ಕಡೆ ನೆಕ್‌ಬ್ಯಾಂಡಿಗೇ ಗಿರಾಕಿ. ಆದರೆ ತಿರುಗುವ ಲೇತಿನ ಮುಂದೆ ಕುತ್ತಿಗೆಯಲ್ಲಿ ಏನು ನೇತಾಡಿದರೂ ಅಪಾಯವೇ. ಮಿಷಿನ್ನಿನ ಸದ್ದು ಮುಚ್ಚಲು ಬಡ್ಸ್ ತುರುಕಿಕೊಂಡು ಹಾಡು ಜೋರು ಮಾಡುವುದು ಅದಕ್ಕಿಂತ ಕೆಟ್ಟದ್ದು. ವಾರಕ್ಕೆ 40 ಗಂಟೆ, 80 ಡೆಸಿಬೆಲ್ ಎಂಬುದು ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ. ಸದ್ದು ತಗ್ಗಿಸುವ ಬಡ್ಸ್ ಕಾರ್ಖಾನೆಯ ಇಯರ್‌ಪ್ಲಗ್ಗಿಗೆ ಬದಲಿಯಲ್ಲ.

ಡೆಲಿವರಿ ಹುಡುಗರು ಈ ವಿದ್ಯೆಗೆ ಸೇರಿದ ಹೊಸ ಮೇಷ್ಟ್ರುಗಳು. ಸ್ವಿಗ್ಗಿ (2014), ರ‍್ಯಾಪಿಡೊ (2015) ಎರಡೂ ಬೆಂಗಳೂರಿನಲ್ಲೇ ಹುಟ್ಟಿದವು. ಹ್ಯಾಂಡಲ್ಲಿಗೆ ಮೊಬೈಲ್ ಹೋಲ್ಡರ್ ಹಾಕಿಸುವುದು ಅವುಗಳೊಂದಿಗೇ ಹಬ್ಬಿತು. ದಾರಿ ನೋಡಲಿಕ್ಕಷ್ಟೇ ಫೋನ್ ಬಳಸಬಹುದೆಂದು ಮೋಟಾರು ವಾಹನ ನಿಯಮ 2020ರ ಅಕ್ಟೋಬರ್‌ನಿಂದ ಹೇಳಿತು. ಅಷ್ಟರಲ್ಲಿ ‘ಕ್ಯಾಮೆರಾ ನಡುಗುತ್ತೆ, ಫೋಕಸ್ ಆಗಲ್ಲ’ ಎಂಬ ಕಾಯಿಲೆ ಮೇಜಿಗೆ ಬರತೊಡಗಿತ್ತು. ಕ್ಯಾಮೆರಾದೊಳಗೆ ಮಸೂರವನ್ನು ತೂಗಿ ಹಿಡಿಯುವ ಸೂಕ್ಷ್ಮ ವ್ಯವಸ್ಥೆಯನ್ನು ಎಂಜಿನ್ನಿನ ಅದುರಾಟ ಕೆಡಿಸುತ್ತದೆ. ಆಪಲ್ ಇದನ್ನು ಅಧಿಕೃತವಾಗಿ ಎಚ್ಚರಿಸಿದ್ದು 2021ರ ಸೆಪ್ಟೆಂಬರ್‌ನಲ್ಲಿ. ಗುಂಡಿ ಬಿದ್ದ ರಸ್ತೆಗಳ ಪಾಲು ಬೇರೆ ಇದೆ. ರಬ್ಬರಿನ ಡ್ಯಾಂಪರ್ ಇರುವ ಹೋಲ್ಡರು, ಇಲ್ಲವೇ ದಾರಿ ತೋರಿಸಲೆಂದೇ ಒಂದು ಹಳೆಯ ಫೋನು: ಅನುಭವಿಗಳು ಎರಡನೆಯದನ್ನೇ ಮೆಚ್ಚುತ್ತಾರೆ. ಏಪ್ರಿಲ್ ಬಿಸಿಲಲ್ಲಿ ಹೋಲ್ಡರಿನಲ್ಲಿಟ್ಟು ಚಾರ್ಜೂ ಮಾಡಿದರೆ ಒಳಗಿನ ಬಿಸಿ ಹೊರಗಿನ ಬಿಸಿ ಸೇರಿ ಪರದೆ ಮಂಕಾಗುತ್ತದೆ, ಬ್ಯಾಟರಿ ಉಬ್ಬಲು ದಿನ ಎಣಿಸುತ್ತದೆ. ಮಳೆಯಲ್ಲಿ ಒದ್ದೆಯಾದ ಸಿ-ಪಿನ್ನಿಗೆ (ಯುಎಸ್‌ಬಿ-ಸಿ) ಕೂಡಲೇ ಚಾರ್ಜರ್ ಚುಚ್ಚಿದರೆ ಪಿನ್ನಿನ ತುದಿಗಳಲ್ಲಿ ಹಸಿರು ಕಿಲುಬು.

ಆಪಲ್ 2020ರ ಅಕ್ಟೋಬರ್‌ನಲ್ಲಿ ಡಬ್ಬಿಯಿಂದ ಚಾರ್ಜರ್ ತೆಗೆಯಿತು, ಸ್ಯಾಮ್‌ಸಂಗ್ ಕೆಲವೇ ತಿಂಗಳಲ್ಲಿ ಹಿಂಬಾಲಿಸಿತು. ಯುರೋಪಿನ ಕಾನೂನು 2024ರ ಡಿಸೆಂಬರ್ 28ರಿಂದ ಸಿ-ಪಿನ್ ಕಡ್ಡಾಯ ಮಾಡಿತು. ಐಫೋನ್ 15 ಅದಕ್ಕೂ ಮುಂಚೆ, 2023ರಲ್ಲೇ ಶರಣಾಗಿತ್ತು. ಪಿನ್ ಒಂದಾಯಿತು, ಮಾತು ಒಂದಾಗಲಿಲ್ಲ. ಪಿಡಿ, ಪಿಪಿಎಸ್ ಎಂಬ ಸಾರ್ವತ್ರಿಕ ಚಾರ್ಜಿಂಗ್ ಭಾಷೆ ಆಡುವ ಫೋನಿಗೆ ಇನ್ನೊಂದು ಕಂಪನಿಯ ಖಾಸಗಿ ಭಾಷೆಯ 65 ವ್ಯಾಟ್ ಚಾರ್ಜರ್ ಸಿಕ್ಕಿಸಿದರೆ ಹತ್ತು ವ್ಯಾಟಿನಲ್ಲಿ ತೆವಳಬಹುದು. ಕೇಬಲಿನಲ್ಲೂ ಅಷ್ಟೆ: 60 ವ್ಯಾಟ್ ದಾಟಬೇಕಾದರೆ ಪಿನ್ನಿನೊಳಗೆ ಇ-ಮಾರ್ಕರ್ ಎಂಬ ಚಿಪ್ ಇರಬೇಕು. ಫೋನಿನ ಭಾಷೆ ತಿಳಿದುಕೊಂಡು ಪಿಡಿ-ಪಿಪಿಎಸ್ ಇರುವ ಒಂದು ಚಾರ್ಜರ್, ಇ-ಮಾರ್ಕರ್ ಇರುವ ಒಂದು ಕೇಬಲ್ ಕೊಂಡರೆ ಲ್ಯಾಪ್‌ಟಾಪಿಗೂ ಒದಗುತ್ತದೆ. ವೈಟ್‌ಫೀಲ್ಡ್ ಕಡೆಯ ಬ್ಯಾಗುಗಳಿಗೆ ಇದಕ್ಕಿಂತ ಸಾರ್ಥಕ ಖರ್ಚು ಸದ್ಯಕ್ಕಿಲ್ಲ.

ಅಧಿಕೃತ ವ್ಯವಸ್ಥೆ ಏನೂ ಮಾಡಿಲ್ಲ ಎನ್ನುವಂತಿಲ್ಲ. 2012ರ ಕಡ್ಡಾಯ ನೋಂದಣಿ ಆದೇಶದ ವ್ಯಾಪ್ತಿಗೆ ಅಡಾಪ್ಟರು, ಪವರ್ ಬ್ಯಾಂಕುಗಳು ಕ್ರಮೇಣ ಬಂದವು. ಭಾರತೀಯ ಮಾನಕ ಬ್ಯೂರೊದ (ಬಿಐಎಸ್) ಗುರುತಿನ ಕೆಳಗೆ ‘ಆರ್’ ಅಕ್ಷರ ಮತ್ತು ಎಂಟು ಅಂಕಿ ಇರುತ್ತವೆ. ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿದರೆ ಯಾರ ಮಾಲು ಎಂದು ತಿಳಿಯುತ್ತದೆ. ಹೆಬ್ಬಗೋಡಿಯ ಗಿರಾಕಿಗೆ ಇದನ್ನು ಕನ್ನಡದಲ್ಲಿ ಹೇಳಿಕೊಡುವ ಒಂದು ಬೋರ್ಡು ಅಂಗಡಿಗಳಲ್ಲಿ ಕಾಣಸಿಗುವುದಿಲ್ಲ. ಕವರು, ಟೆಂಪರು, ಹೋಲ್ಡರುಗಳಿಗೆ ಅಂಥ ನೋಂದಣಿಯೇ ಇಲ್ಲ. ರಿಪೇರಿ ಹಕ್ಕಿನ ಪೋರ್ಟಲ್ 2022ರ ಡಿಸೆಂಬರ್‌ನಲ್ಲಿ ಶುರುವಾಯಿತು. ಅಲ್ಲಿ ಕಂಪನಿಗಳ ಮಾತಿದೆ, ಇಪ್ಪತ್ತು ವರ್ಷ ಮೇಜಿನ ಹಿಂದೆ ಕೂತವರ ಮಾತಿಲ್ಲ. ಯಾವ ಕೇಬಲ್ ಎಷ್ಟು ತಿಂಗಳಿಗೆ, ಎಲ್ಲಿ ಮುರಿಯಿತು ಎಂಬುದನ್ನು ಪೀಣ್ಯದ ಸುತ್ತಮುತ್ತಲಿನ ಐಟಿಐ, ಪಾಲಿಟೆಕ್ನಿಕ್‌ಗಳ ಹುಡುಗರು ಒಂದು ವರ್ಷ ಬರೆದಿಟ್ಟಿದ್ದರೆ ಯಾವ ಪಟ್ಟಿಯೂ ಕೊಡದ ಉತ್ತರ ಸಿಗುತ್ತಿತ್ತು.

ಆ ಮಾಹಿತಿ ಇರುವುದು ಅಂಗಡಿಯ ಮೂಲೆಯ ಒಂದು ಪೇಂಟ್ ಡಬ್ಬದಲ್ಲಿ. ಕುತ್ತಿಗೆ ಮುರಿದ ಕೇಬಲು, ಉಬ್ಬಿದ ಬ್ಯಾಟರಿ, ಕಪ್ಪಾದ ಪಿನ್ನು, ಎಲ್ಲ ಅದರೊಳಗೆ. ಸರ್ಕಾರದ ಮನ್ನಣೆ ಪಡೆದ ದೇಶದ ಮೊದಲ ಇ-ತ್ಯಾಜ್ಯ ಘಟಕ ಇ-ಪರಿಸರ ಇರುವುದು ಟಿ. ದಾಸರಹಳ್ಳಿ, ಪೀಣ್ಯ ಹಾದು ಹೋಗುವ ಇದೇ ತುಮಕೂರು ರಸ್ತೆಯ ದಾಬಸ್‌ಪೇಟೆಯಲ್ಲಿ. ಡಬ್ಬ ಮಾತ್ರ ಸಾಮಾನ್ಯವಾಗಿ ಅಲ್ಲಿಯತನಕ ಹೋಗುವುದಿಲ್ಲ. ತುಂಬಿದಾಗ ಗುಜರಿಯವನು ಬರುತ್ತಾನೆ, ತಕ್ಕಡಿ ಹಿಡಿಯುತ್ತಾನೆ, ತಾಮ್ರದ ರೇಟು ಕಟ್ಟಿ ತೂಕಕ್ಕೆ ಒಯ್ಯುತ್ತಾನೆ.