ಮಲೆನಾಡಿನ ಗ್ರಾಮಗಳಲ್ಲಿ ಬೆಟ್ಟ, ಕಾನು ಮತ್ತು ಅಳತೆ

೧

ಭೂಮಿಯಿಂದ ಪಡೆದುದನ್ನು ಭೂಮಿಗೇ ಹಿಂದಿರುಗಿಸುತ್ತ, ಮುಂದಿನ ತಲೆಮಾರಿನವರ ಪಾಲನ್ನು ಮುಂಗಡವಾಗಿ ಉಣ್ಣದೆ ಬಾಳುವ ಗ್ರಾಮಗಳನ್ನು ನೂತನವಾಗಿ ನಿರ್ಮಿಸಬೇಕೆಂಬ ಯತ್ನವು ಇಂದು ಅನೇಕ ದೇಶಗಳಲ್ಲಿ ನಡೆದಿದೆ. ಭರತಖಂಡದಲ್ಲಿ ೧೯೬೮ರಲ್ಲಿ ಪುದುಚೇರಿಯ ಸಮೀಪದಲ್ಲಿ ಸ್ಥಾಪಿತವಾದ ಆರೋವಿಲ್, ಬರಡುನೆಲದಲ್ಲಿ ಕಾಡನ್ನು ಬೆಳೆಸಿ, ಈ ವಿಷಯದಲ್ಲಿ ಪ್ರಸಿದ್ಧಿಯನ್ನು ಪಡೆದಿದೆ. ಇಂತಹ ಗ್ರಾಮಗಳ ಪ್ರಸ್ತಾಪ ಬಂದಾಗ ಕನ್ನಡ ನಾಡಿನಲ್ಲಿ ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಗಳ ಹಳೆಯ ಊರುಗಳನ್ನು ನಿದರ್ಶನವಾಗಿ ಎತ್ತಿ ಹೇಳುವುದು ವಾಡಿಕೆಯಾಗಿದೆ. ಅಡಕೆಯ ತೋಟಗಳು ನೂರಾರು ವರ್ಷಗಳ ಕಾಲ ಒಂದೇ ಕಣಿವೆಯಲ್ಲಿ ಫಲ ಕೊಡುತ್ತ ಬಂದಿರುವುದೇ ಈ ನಿದರ್ಶನಕ್ಕೆ ಆಧಾರ.

ಈ ದೀರ್ಘಾಯುಸ್ಸಿಗೆ ಕಾರಣವೇನೆಂಬಲ್ಲಿ ಎರಡು ಅಭಿಪ್ರಾಯಗಳುಂಟು. ಪೂರ್ವಿಕರು ವೃಕ್ಷಗಳಲ್ಲಿ ದೇವತೆಗಳನ್ನು ಕಂಡರು, ಆದುದರಿಂದ ಕಾಡು ಉಳಿಯಿತು ಎಂಬುದು ಒಂದು. ಜನ ಕಡಮೆ, ಕಾಡು ಹೆಚ್ಚು; ಉಳಿಸುವವರು ಇಲ್ಲದಿದ್ದರೂ ಅದು ಉಳಿಯುತ್ತಿತ್ತು ಎಂಬುದು ಇನ್ನೊಂದು. ಮೊದಲನೆಯದು ಭಕ್ತಿಯ ಮಾತು, ಎರಡನೆಯದು ಉಪೇಕ್ಷೆಯ ಮಾತು. ಗ್ರಾಮದ ನಿತ್ಯವ್ಯವಹಾರವನ್ನು ಪರಾಮರ್ಶಿಸಿದರೆ ಇವೆರಡರಿಂದಲೂ ಭಿನ್ನವಾದ ಕಾರಣವೊಂದು ಕಂಡುಬರುತ್ತದೆ. ಯಾವ ತೋಟಕ್ಕೆ ಎಷ್ಟು ಬೆಟ್ಟ, ಯಾವ ನೆಲಕ್ಕೆ ಎಷ್ಟು ಕಂದಾಯ, ಯಾರ ಕೈ ಎಲ್ಲಿಯ ತನಕ ಎಂಬುದು ಎಲ್ಲರಿಗೂ ತಿಳಿದಂತೆ ಗೊತ್ತಾಗಿದ್ದಿತು. ಆ ವ್ಯವಸ್ಥೆಯ ಮೂಲಾಧಾರವು ಅಳತೆಯೆಂದೇ ಹೇಳಬೇಕು. ಅಳತೆ ನ್ಯಾಯವಾಗಿದ್ದಷ್ಟು ಮಟ್ಟಿಗೆ ವ್ಯವಸ್ಥೆ ನಿಂತಿತು. ಅಳತೆ ಕೆಟ್ಟಲ್ಲಿ ಅದು ಕುಸಿಯಿತು.

೨

ತೀರ್ಥಹಳ್ಳಿಯ ಬಳಿಯ ಮೇಳಿಗೆಯಂತಹ ಊರನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಅಲ್ಲಿಯ ಅನಂತನಾಥ ಬಸದಿಯು ಹದಿನೇಳನೆಯ ಶತಮಾನದ ಆರಂಭದಲ್ಲಿ ವರ್ತಕ ಶ್ರೇಷ್ಠಿಯೊಬ್ಬನಿಂದ ನಿರ್ಮಿತವಾದುದು. ಕಾಡಿನ ನಡುವಣ ಊರಿನಲ್ಲಿ ಶಿಲಾಮಯವಾದ ದೇವಾಲಯವನ್ನು ಕಟ್ಟಿಸುವಷ್ಟು ಸಂಪತ್ತು ವರ್ತಕರಲ್ಲಿದ್ದಿತೆಂಬುದು ಗಮನಾರ್ಹವಾಗಿದೆ. ಅಡಕೆ, ಮೆಣಸು, ಅಕ್ಕಿ ಇವು ಆ ಕಾಲದ ಮಲೆನಾಡಿನ ವಾಣಿಜ್ಯಕ್ಕೆ ಮುಖ್ಯ ಪದಾರ್ಥಗಳು. ಹೀಗೆ ಈ ಗ್ರಾಮಗಳು ಲೋಕದಿಂದ ವಿಮುಖವಾದ ಆಶ್ರಮಗಳಲ್ಲ. ಘಟ್ಟವನ್ನಿಳಿದು ಕಡಲ ತೀರದ ಬಂದರುಗಳನ್ನು ಸೇರುವ ವ್ಯಾಪಾರದೊಡನೆ ಬೆರೆತವು. ಮಾರುಕಟ್ಟೆಗಾಗಿ ಬೆಳೆಯುತ್ತಲೂ ನೆಲದ ಸಾರವನ್ನು ಕಳೆಯದಿದ್ದುದೇ ವಿಶೇಷ.

ಇಂತಹ ಗ್ರಾಮಕ್ಕೆ ಮನೆ, ಗದ್ದೆ, ತೋಟ, ಬೆಟ್ಟ ಎಂಬ ನಾಲ್ಕು ಅಂಗಗಳು. ಅವುಗಳ ಹಿಂದೆ ಕಾನು. ಇಲ್ಲಿ ಬೆಟ್ಟವೆಂದರೆ ಪರ್ವತವೆಂಬ ಅರ್ಥವಲ್ಲ. ತೋಟಕ್ಕೆ ಸೊಪ್ಪು, ದರಕು, ಸೌದೆಗಳನ್ನು ಒದಗಿಸುವ ಮರಗಳ ನೆಲಕ್ಕೆ, ಅದು ಎತ್ತರವಾಗಿರಲಿ ಇಲ್ಲದಿರಲಿ, ಸೊಪ್ಪಿನಬೆಟ್ಟ ಎಂಬ ಹೆಸರು. ಮತ್ತಿ, ಹೊನ್ನೆ, ನಂದಿ, ನೇರಳೆ, ಕೌಲು ಮೊದಲಾದ ಮರಗಳು ಅಲ್ಲಿ ಬೆಳೆಯುತ್ತವೆ. ಮರವನ್ನು ಬುಡಸಹಿತ ಕಡಿಯದೆ, ಸುಳಿಯನ್ನು ಬಿಟ್ಟು, ಪಕ್ಕದ ರೆಂಬೆಗಳನ್ನು ಮಾತ್ರ ಸವರಿ ಸೊಪ್ಪನ್ನು ಇಳಿಸುವುದು ಕ್ರಮ. ಆ ಸೊಪ್ಪು ಮೊದಲು ಕೊಟ್ಟಿಗೆಗೆ ಬಂದು ದನಗಳ ಕಾಲಡಿಯಲ್ಲಿ ಹಾಸಾಗುತ್ತದೆ. ಸಗಣಿ ಗಂಜಲಗಳೊಡನೆ ಬೆರೆತು ಗೊಬ್ಬರವಾಗಿ ತೋಟದ ಮರಗಳ ಬುಡವನ್ನು ಸೇರುತ್ತದೆ. ಮಳೆಯಿಂದ ತೊಳೆದುಹೋಗುವ ಸಾರವನ್ನು ವರ್ಷವರ್ಷವೂ ಹೀಗೆ ತುಂಬಿಕೊಡಲಾಗುತ್ತಿತ್ತು. ಒಂದು ಎಕರೆ ತೋಟದ ಹಿಂದೆ ಹಲವು ಎಕರೆ ಬೆಟ್ಟವಿರಲೇಬೇಕೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ನೆರೆಯ ಉತ್ತರ ಕನ್ನಡದ ಘಟ್ಟದ ಮೇಲಿನ ಸೀಮೆಯಲ್ಲಿ ಆಂಗ್ಲರ ಆಡಳಿತವು ಈ ರೂಢಿಯನ್ನು ಮನ್ನಿಸಿ, ಎಕರೆ ತೋಟಕ್ಕೆ ೯ ಎಕರೆಗಳವರೆಗೆ ಬೆಟ್ಟವನ್ನು ಗೊತ್ತುಮಾಡಿದ್ದಿತು. ಬೆಟ್ಟದ ನೆಲ ಸರಕಾರದ್ದು. ಸೊಪ್ಪಿನ ಸೌಲಭ್ಯ ಮಾತ್ರ ತೋಟದವನದು. ತೋಟವನ್ನು ಮಾರಿದರೆ ಬೆಟ್ಟದ ಸೌಲಭ್ಯವೂ ಅದರೊಡನೆಯೇ ಹೋಗತಕ್ಕುದು.

೩

ಗ್ರಾಮದ ಸುತ್ತಣ ನೆಲವನ್ನು ಅಳೆದು ಮೀಸಲಿಡುವ ಭಾವನೆ ಧರ್ಮಶಾಸ್ತ್ರಕಾರರಿಗೆ ಅಪರಿಚಿತವಲ್ಲ. ಗ್ರಾಮಕ್ಕೂ ಕ್ಷೇತ್ರಕ್ಕೂ ನಡುವೆ ನೂರು ಧನುಸ್ಸುಗಳಷ್ಟು ನೆಲವನ್ನು ಬಿಡಬೇಕೆಂದು ಮನುವೂ ಯಾಜ್ಞವಲ್ಕ್ಯನೂ ವಿಧಿಸಿದ್ದಾರೆ. ಖರ್ವಟಕ್ಕೆ ಇನ್ನೂರು, ನಗರಕ್ಕೆ ನಾನೂರು ಎಂದು ಯಾಜ್ಞವಲ್ಕ್ಯನ ವಿಭಾಗ. ಧನುಸ್ಸೆಂದರೆ ನಾಲ್ಕು ಹಸ್ತ. ಈ ಮಾತುಗಳು ಯಾಜ್ಞವಲ್ಕ್ಯಸ್ಮೃತಿಯಲ್ಲಿ ದೇವತಾಪೂಜೆಯ ಪ್ರಸಂಗದಲ್ಲಿ ಬಂದಿಲ್ಲ, ಸ್ವಾಮಿಪಾಲವಿವಾದದಲ್ಲಿ, ಎಂದರೆ ದನದ ಒಡೆಯನಿಗೂ ಗೋವಳನಿಗೂ ಬೆಳೆಯುಳ್ಳವನಿಗೂ ನಡೆಯುವ ವ್ಯಾಜ್ಯದಲ್ಲಿ ಬಂದಿವೆ. ಈ ಸ್ಥಳಸಂಗತಿಯು ಮುಖ್ಯವಾದುದು. ಮೀಸಲು ನೆಲದಲ್ಲಿ ಬೇಲಿಯಿಲ್ಲದೆ ಬೆಳೆಯಿಟ್ಟವನ ಪೈರನ್ನು ದನ ಮೇದರೆ ಗೋವಳನಿಗೆ ದಂಡವಿಲ್ಲವೆಂದು ಮನು ಹೇಳುತ್ತಾನೆ. ಸಾಮಾನ್ಯರ ನೆಲವನ್ನು ಒತ್ತುವವನು ತನ್ನ ನಷ್ಟವನ್ನು ತಾನೇ ಹೊರತಕ್ಕುದೆಂಬುದು ಇದರ ತಾತ್ಪರ್ಯ. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ (ಕ್ರಿ. ಶ. ೧೦೭೬–೧೧೨೬) ಕಲ್ಯಾಣದಲ್ಲಿ ಮಿತಾಕ್ಷರೆಯನ್ನು ರಚಿಸಿದ ವಿಜ್ಞಾನೇಶ್ವರನ ವ್ಯಾಖ್ಯಾನದಿಂದ ಈ ಸ್ಮೃತಿಯು ಕರ್ಣಾಟಕದ ವ್ಯವಹಾರನಿರ್ಣಯಕ್ಕೂ ದಾರಿಯಾಯಿತು. ಮಲೆನಾಡಿನ ಬೆಟ್ಟದ ರೂಢಿ ಸ್ಮೃತಿಯಿಂದಲೇ ಹುಟ್ಟಿತೆಂದು ಹೇಳಲಾಗದು. ಆದರೆ ಎರಡೂ ಕಡೆ ಆಲೋಚನೆಯ ರೀತಿ ಒಂದೇ: ಹಕ್ಕಿಗೆ ಮೇರೆಯುಂಟು, ಮೇರೆಗೆ ಅಳತೆಯುಂಟು.

ಈ ಸೀಮೆಯಲ್ಲಿ ಅಳತೆಗೆ ರಾಜಮುದ್ರೆಯನ್ನು ಒತ್ತಿದವನು ಕೆಳದಿಯ ಶಿವಪ್ಪನಾಯಕ (೧೬೪೫–೧೬೬೦). ಗ್ರಾಮಗ್ರಾಮಗಳಲ್ಲಿ ಬಗೆಬಗೆಯ ನೆಲವನ್ನು ಹಲವು ವರ್ಷ ಸಾಗುಮಾಡಿಸಿ, ಬೀಜ, ಖರ್ಚು, ಹುಟ್ಟುವಳಿಗಳ ಲೆಕ್ಕವನ್ನಿಡಿಸಿ, ಸರಾಸರಿಯಿಂದ ಅವನು ಕಂದಾಯವನ್ನು ನಿಶ್ಚಯಿಸಿದನೆಂದು ಪ್ರಸಿದ್ಧಿ. ಇದೇ ಶಿವಪ್ಪನಾಯಕನ ಶಿಸ್ತು. ತೋಟಗಳನ್ನು ಅಳೆಯುವುದಕ್ಕೆ ೧೮ ಅಡಿ ೬ ಅಂಗುಲದ ಕೋಲು ಪ್ರಮಾಣವಾಗಿದ್ದಿತು. ಸಾಗರದ ಬಳಿಯ ಇಕ್ಕೇರಿಯ ಅಘೋರೇಶ್ವರ ದೇವಾಲಯದ ಕಲ್ಲಿನ ನೆಲದಲ್ಲಿ ಆ ಪ್ರಮಾಣವನ್ನು ಗುರುತಿಸಲಾಗಿದೆ. ಅಳತೆಯ ಕೋಲನ್ನು ಅರಮನೆಯ ಉಗ್ರಾಣದಲ್ಲಿ ಬಚ್ಚಿಡದೆ ದೇವರ ಮುಂದೆ ಕಲ್ಲಿನಲ್ಲಿ ಕಂಡರಿಸಿದುದರ ಫಲವು ಸುಲಭವಾಗಿ ತಿಳಿಯುತ್ತದೆ. ಶಾನುಭೋಗನ ಕೋಲು ಸರಿಯೋ ತಪ್ಪೋ ಎಂಬುದನ್ನು ದೇವಾಲಯಕ್ಕೆ ಬಂದ ಯಾವ ಒಕ್ಕಲಿಗನೂ ಪರೀಕ್ಷಿಸಬಹುದಾಗಿದ್ದಿತು. ಕಂದಾಯವು ಮನಬಂದಂತೆ ಏರದೆಂಬ ನಂಬಿಕೆಯಿದ್ದಲ್ಲಿ ಮಾತ್ರ, ಹಲವು ವರ್ಷ ಕಾಯಿಸಿ ಫಲ ಕೊಡುವ ಅಡಕೆಯ ಸಸಿಯನ್ನು ನೆಡಲು ಮನಸ್ಸು ಬರುತ್ತದೆ.

೪

ಬೆಟ್ಟಕ್ಕಿಂತ ಕಾನು ಭಿನ್ನವಾದುದು. ತಮಿಳಿನಲ್ಲಿಯೂ ಕಾನ್ ಎಂಬುದಕ್ಕೆ ಕಾಡೆಂಬ ಅರ್ಥವಿದೆ; ಮಲೆನಾಡಿನಲ್ಲಿ ಆ ಶಬ್ದವು ಸದಾ ಹಸುರಾದ, ನೀರಿನ ಸೆಲೆಯುಳ್ಳ ದಟ್ಟಡವಿಗೆ ಮೀಸಲಾಗಿ ನಿಂತಿದೆ. ಕಾಡು ಮೆಣಸು, ಬಗನಿ, ಬೆತ್ತ ಮೊದಲಾದವು ಅಲ್ಲಿಯ ಉತ್ಪನ್ನಗಳು. ಅದಕ್ಕಿಂತ ಮಿಗಿಲಾಗಿ, ಕೆಳಗಿನ ತೋಟಗದ್ದೆಗಳಿಗೆ ಬೇಸಗೆಯಲ್ಲಿಯೂ ಹರಿಯುವ ನೀರು ಅದರ ಕೊಡುಗೆ. ೧೮೬೮ರಲ್ಲಿ ಬ್ರಾಂಡಿಸ್, ಗ್ರಾಂಟ್ ಎಂಬ ಅಧಿಕಾರಿಗಳು ಸಾಗರಕ್ಕೆ ನೆರೆಯ ಸೊರಬ ತಾಲ್ಲೂಕಿನ ಕಾನುಗಳನ್ನು ಕುರಿತು ವರದಿ ಮಾಡಿದರು. ಆ ಒಂದು ತಾಲ್ಲೂಕಿನಲ್ಲಿಯೇ ೧೭೧ ಕಾನುಗಳು ಅವರ ಗಣನೆಗೆ ಬಂದವು. ಕುವೆಂಪು ಅವರ ೧೯೩೬ರ ಕಾದಂಬರಿಯ ಹೆಸರಿನಲ್ಲಿರುವ ಕಾನೂರು ಎಂಬ ಊರಿನ ಹೆಸರನ್ನು ಪಾಠ ಹೇಳುವವರು ಈ ಶಬ್ದಾರ್ಥವನ್ನು ನೆನೆಯುವುದು ಉಚಿತ.

ಕಾನಿನಲ್ಲಿಯೂ ದೇವರಕಾಡಿನಲ್ಲಿಯೂ ದೇವತೆಯ ಭಯವಿದ್ದುದು ನಿಜ. ೧೮೦೧ರಲ್ಲಿ ಘಟ್ಟದ ಕೆಳಗಿನ ಕಾರವಾರ ಸೀಮೆಯಲ್ಲಿ ಸಂಚರಿಸಿದ ಬುಕಾನನ್, ಅಲ್ಲಿಯ ಕಾಡುಗಳು ಗ್ರಾಮದೇವತೆಯ ಸ್ವತ್ತೆಂದೂ, ಪೂಜಾರಿಯೂ ಆಗಿದ್ದ ಗೌಡನ ಅಪ್ಪಣೆಯಿಲ್ಲದೆ ಮರ ಕಡಿಯಕೂಡದೆಂದೂ ಕೇಳಿದನು. ಅಪ್ಪಣೆಗೆ ಕಾಣಿಕೆಯೇನೂ ಸಲ್ಲುತ್ತಿರಲಿಲ್ಲ. ಕೇಳದೆ ಕಡಿದವನಿಗೆ ದೇವತೆಯ ಕೋಪ ತಪ್ಪುತ್ತಿರಲಿಲ್ಲ. ಸರಕಾರವು ಕಾಡನ್ನು ತನ್ನದೆನ್ನದಂತೆ ತಡೆಯಲು ಹೂಡಿದ ಉಪಾಯವಿದು ಎಂದು ಅವನು ತೀರ್ಮಾನಿಸಿದನು. ಆ ತೀರ್ಮಾನದಲ್ಲಿ ಪರದೇಶಿಯ ಅವಜ್ಞೆಯಿದ್ದರೂ ಅರ್ಧ ಸತ್ಯವೂ ಇದೆ. ಅಪ್ಪಣೆ ಕೇಳುವುದೆಂದರೆ ಗ್ರಾಮದ ಎದುರಿನಲ್ಲಿ ನಿಂತು, ಎಷ್ಟು ಮರ, ಯಾವ ಕೆಲಸಕ್ಕೆ ಎಂದು ಹೇಳುವುದು. ಹೇಳಿದ ಮೇಲೆ ಹೆಚ್ಚಾಗಿ ಕಡಿಯುವುದು ಕಷ್ಟ. ಉಪಾಯವೆಂದಮಾತ್ರಕ್ಕೆ ಅದು ಕಪಟವಾಗುವುದಿಲ್ಲ. ಕೋಲಿನಿಂದ ಅಳೆಯಲಾಗದ ಕಡೆಯಲ್ಲಿ ದೇವತೆಯೇ ಅಳತೆಯಾದಳು.

೫

ಆದರೆ ಈ ವ್ಯವಸ್ಥೆಯನ್ನು ಹೊಗಳುವವರು ಸಾಮಾನ್ಯವಾಗಿ ಮರೆಯುವ ಮಾತೊಂದುಂಟು. ಬೆಟ್ಟದ ಸೌಲಭ್ಯ ತೋಟದ ಒಡೆಯನಿಗೆ. ಸೊಪ್ಪನ್ನು ಕಡಿದು ತಲೆಯ ಮೇಲೆ ಹೊತ್ತು ತಂದವರು ಬಹುಮಟ್ಟಿಗೆ ಭೂಮಿಯಿಲ್ಲದ ಆಳುಗಳು. ಗದ್ದೆಯನ್ನು ಗೇಣಿಗೆ ಮಾಡುತ್ತಿದ್ದ ಒಕ್ಕಲುಗಳಿಗೆ ಬೆಟ್ಟವಿರಲಿಲ್ಲ. ಅವರ ಪಾಲಿಗೆ ಅಳತೆಯೆಂದರೆ ಒಡೆಯನ ಮನೆಯ ಕೊಳಗ. ಗೇಣಿಯ ಭತ್ತವನ್ನು ಅಳೆಯುವಾಗ ರೂಢಿಯ ಪ್ರಮಾಣಕ್ಕಿಂತ ದೊಡ್ಡದಾದ ಕೊಳಗವನ್ನು ಉಪಯೋಗಿಸುತ್ತಾರೆಂಬುದೇ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ೧೯೫೧ರಲ್ಲಿ ನಡೆದ ರೈತ ಸತ್ಯಾಗ್ರಹದ ಮುಖ್ಯ ಕಾರಣಗಳಲ್ಲೊಂದು. ಗೇಣಿದಾರರಾದ ದೀವರು ಅದರಲ್ಲಿ ಮುಂದಾಗಿದ್ದರು. ಎಚ್. ಗಣಪತಿಯಪ್ಪ, ಶಾಂತವೇರಿ ಗೋಪಾಲಗೌಡ ಮೊದಲಾದವರು ಮುಂದಾಳುಗಳಾದರು. ರಾಮಮನೋಹರ ಲೋಹಿಯಾ ಅವರೂ ಬಂದು ಬಂಧಿತರಾದರು. ೧೯೭೪ರಲ್ಲಿ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯಿಂದ ಗೇಣಿದಾರರಿಗೆ ನೆಲದ ಒಡೆತನ ದೊರೆಯುವಂತಾಯಿತು.

ಕಾಗೋಡಿಗೂ ಇಕ್ಕೇರಿಗೂ ಇರುವ ದೂರ ಅಲ್ಪ. ಒಂದು ಊರಿನಲ್ಲಿ ಅಳತೆಯನ್ನು ಎಲ್ಲರ ಕಣ್ಣಿಗೆ ಬೀಳುವಂತೆ ಕಲ್ಲಿನಲ್ಲಿ ಗುರುತಿಸಿದರು. ಇನ್ನೊಂದರಲ್ಲಿ ಅಳತೆಯು ಒಬ್ಬರ ಮನೆಯ ಜಗಲಿಯಲ್ಲಿ ಉಳಿದು ವಿವಾದಕ್ಕೆ ಗುರಿಯಾಯಿತು. ಮರಗಳ ವಿಷಯದಲ್ಲಿ ಮಿತಿಯನ್ನರಿತ ಗ್ರಾಮವು ಮನುಷ್ಯರ ವಿಷಯದಲ್ಲಿ ಅದನ್ನು ಮರೆತಿದ್ದಿತೆಂಬುದನ್ನು ಒಪ್ಪದೆ ಈ ಚರಿತ್ರೆಯನ್ನು ಬರೆಯುವುದು ಸಾಧ್ಯವಿಲ್ಲ.

ಬೆಟ್ಟದ ಅಳತೆಯೂ ಕೆಡದೆ ಉಳಿಯಲಿಲ್ಲ. ಸೊಪ್ಪು ತೆಗೆಯುವ ಹಕ್ಕು ನೆನಪಿನಲ್ಲುಳಿದು, ಸಸಿ ಉಳಿಸುವ ಹೊಣೆ ಮರೆತ ಕಡೆಗಳಲ್ಲಿ ಬೆಟ್ಟಗಳು ಬೋಳಾದವು. ಅಡಕೆಯ ಧಾರಣೆ ಏರಿದಾಗ ಬೆಟ್ಟವೇ ಇಲ್ಲದ ಹೊಸ ತೋಟಗಳು ಹುಟ್ಟಿದವು. ಅಡಕೆ ಬೇಯಿಸುವ ಒಲೆಗೆ ಸೌದೆಯೂ ಅದೇ ಕಾಡಿನಿಂದ ಬರಬೇಕಾಯಿತು. ಇವುಗಳಿಗಿಂತ ದೊಡ್ಡದಾದ ಮಾರ್ಪಾಟು ಹೊರಗಿನಿಂದ ಬಂದಿತು. ೧೯೬೪ರಲ್ಲಿ ಮುಗಿದ ಲಿಂಗನಮಕ್ಕಿಯ ಅಣೆಕಟ್ಟಿನಿಂದ ಶರಾವತಿಯ ನೀರು ಸಾಗರ, ಹೊಸನಗರ ತಾಲ್ಲೂಕುಗಳ ಅನೇಕ ಗ್ರಾಮಗಳ ಮೇಲೆ ಹರಡಿತು. ಮುಳುಗಡೆಯಾದವರಿಗೆ ಬೇರೆ ಕಡೆಯಲ್ಲಿ ನೆಲ ದೊರೆತಾಗಲೂ, ತಲೆಮಾರುಗಳಿಂದ ಹೊಂದಿಕೊಂಡು ಬಂದ ತೋಟ, ಬೆಟ್ಟ, ಕಾನುಗಳ ಸಂಬಂಧವನ್ನು ಪರಿಹಾರದ ಲೆಕ್ಕದಲ್ಲಿ ಎಣಿಸಿ ಕೊಡುವುದು ಯಾರಿಂದಲೂ ಸಾಧ್ಯವಿರಲಿಲ್ಲ.

೬

ಕಳೆದುದನ್ನು ಮತ್ತೆ ಕಟ್ಟುವ ಯತ್ನಗಳೂ ಇದೇ ನೆಲದಿಂದ ಹೊರಟಿವೆ. ೧೯೮೩ರ ಸೆಪ್ಟೆಂಬರಿನಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿಯ ಸುತ್ತಣ ಜನರು ಮರಗಳನ್ನು ಅಪ್ಪಿ ನಿಂತು ಕಡಿತವನ್ನು ತಡೆದರು. ಪಾಂಡುರಂಗ ಹೆಗಡೆಯವರು ಮುನ್ನಡೆಸಿದ ಈ ಅಪ್ಪಿಕೋ ಚಳವಳಿಯು ಉಳಿಸುವುದು, ಬೆಳೆಸುವುದು, ಬಳಸುವುದು ಎಂಬ ಮೂರು ಮಾತುಗಳನ್ನು ಒಟ್ಟಿಗೆ ಹೇಳಿದುದು ಗಮನಿಸತಕ್ಕುದು. ಬಳಕೆಯನ್ನು ಅದು ನಿಷೇಧಿಸಲಿಲ್ಲ, ಅದಕ್ಕೆ ಮಿತಿಯನ್ನು ಕೋರಿತು. ಸಾಗರ ತಾಲ್ಲೂಕಿನ ಹೆಗ್ಗೋಡಿನ ಬಳಿ ೧೯೯೦ರ ದಶಕದಲ್ಲಿ ಆರಂಭವಾದ ಚರಕ ಮಹಿಳಾ ಸಹಕಾರ ಸಂಘದಲ್ಲಿ ಹಳ್ಳಿಯ ಹೆಂಗಸರು ಕೈಮಗ್ಗದ ಬಟ್ಟೆಯನ್ನು ನೇಯುತ್ತಾರೆ. ಅಡಕೆಯನ್ನು ಬೇಯಿಸಿದಾಗ ಉಳಿಯುವ ಚೊಗರು ಅಲ್ಲಿ ಬಣ್ಣವಾಗುತ್ತದೆ. ಹಿಂದೆ ಸೊಪ್ಪು ಹೊತ್ತವರ ಮನೆಗಳಿಗೂ ಗಳಿಕೆಯ ಪಾಲು ಸೇರುವ ಮಾರ್ಗವೊಂದು ಇಲ್ಲಿ ತೆರೆದಿದೆ. ತೀರ್ಥಹಳ್ಳಿಯ ಕೃಷಿ ಪ್ರಯೋಗ ಪರಿವಾರವು ಸಾವಯವ ಬೇಸಾಯದ ಪ್ರಚಾರದಲ್ಲಿ ತೊಡಗಿತು. ೨೦೦೪ರಲ್ಲಿ ಕರ್ಣಾಟಕ ಸರಕಾರವೂ ಸಾವಯವ ಕೃಷಿನೀತಿಯನ್ನು ಅಂಗೀಕರಿಸಿತು.

ಈ ಯತ್ನಗಳಿಗೆ ಹಳೆಯ ಗ್ರಾಮವು ಆದರ್ಶವಾಗಬಲ್ಲುದೇ ಎಂಬ ಪ್ರಶ್ನೆಗೆ, ಮೇಲಣ ವಿಚಾರದಿಂದ, ಅರ್ಧ ಮಾತ್ರ ಹೌದೆಂಬ ಉತ್ತರ ಬರುತ್ತದೆ. ತೋಟಕ್ಕೆ ಬೆಟ್ಟವನ್ನು ಅಳೆದುಕೊಟ್ಟ ಬುದ್ಧಿಯನ್ನು ಸ್ವೀಕರಿಸಬಹುದು. ಕೊಳಗವನ್ನು ಒಬ್ಬನ ಕೈಯಲ್ಲಿಟ್ಟ ರೀತಿಯನ್ನು ಬಿಡಬೇಕು. ಪರಿಸರವನ್ನು ಕಾಯುವ ಗ್ರಾಮವನ್ನು ಕಟ್ಟಬಯಸುವವರು ಮರ ನೆಡುವುದಕ್ಕೆ ಮುಂಚೆ, ಯಾವ ನೆಲದಿಂದ ಯಾರು ಎಷ್ಟು ಪಡೆಯತಕ್ಕುದು, ಎಷ್ಟನ್ನು ಹಿಂದಿರುಗಿಸತಕ್ಕುದು ಎಂಬುದನ್ನು ನಿಶ್ಚಯಿಸಿ, ಆ ನಿಶ್ಚಯವನ್ನು ಅತ್ಯಂತ ಬಡವನಾದ ಗ್ರಾಮಸ್ಥನೂ ಪರೀಕ್ಷಿಸಬಹುದಾದ ಸ್ಥಳದಲ್ಲಿ ಇಡಬೇಕಾಗುತ್ತದೆ. ಇಕ್ಕೇರಿಯ ನೆಲಗಲ್ಲಿನಲ್ಲಿ ಆ ಕೆಲಸದ ಒಂದು ಭಾಗ ಹಿಂದೆಯೇ ನಡೆದಿದೆ. ಉಳಿದ ಭಾಗ ಇನ್ನೂ ನಡೆಯತಕ್ಕುದಾಗಿದೆ.