ಒಂದು ರಾತ್ರಿಯ ನಾಟಕ, ಆರು ತಿಂಗಳ ಪಾಠ

ದೊಡ್ಡನೆಕ್ಕುಂದಿ ಎಂದೊಡನೆ ಇಂದು ನೆನಪಿಗೆ ಬರುವುದು ಹೊರವರ್ತುಲ ರಸ್ತೆ, ಕೈಗಾರಿಕಾ ಪ್ರದೇಶ ಮತ್ತು ಬಹುಮಹಡಿ ವಸತಿ ಕಟ್ಟಡಗಳು. ಇವುಗಳ ನಡುವೆಯೇ ಒಂದು ಕೆರೆಯೂ ಹಳೆಯ ಊರೂ ಇವೆ. ಕಾರ್ಯಕ್ರಮವೊಂದರ ಪೂರ್ವಸಿದ್ಧತೆಗಾಗಿ ಆ ಕಡೆ ಹೋಗಿದ್ದಾಗ ಹಿರಿಯರೊಬ್ಬರ ಪರಿಚಯವಾಯಿತು. ತಾರುಣ್ಯದಲ್ಲಿ ಅವರು ‘ಕುರುಕ್ಷೇತ್ರ’ ನಾಟಕದ ಕರ್ಣನಾಗಿದ್ದವರು. ಹಾರ್ಮೋನಿಯಂ ಮೇಷ್ಟ್ರು ಸಂಜೆಯ ಬಸ್ಸಿಗೆ ಬಂದು ರಾತ್ರಿ ಹನ್ನೊಂದರವರೆಗೆ ಪಾಠ ಮಾಡುತ್ತಿದ್ದುದನ್ನೂ ಅಕ್ಷರ ಬಾರದವರು ಕಿವಿಯಿಂದಲೇ ಪದ್ಯ ಕಲಿತದ್ದನ್ನೂ ವಿವರಿಸಿದರು. “ನಾಟ್ಕ ಒಂದೇ ರಾತ್ರಿ ಸಾರ್. ಕಲ್ತಿದ್ದು ಆರು ತಿಂಗ್ಳು” ಎಂದರು. “ಯಜಮಾನ್ರೆ, ಅದರಿಂದ ನಿಮಗೆ ಏನು ಸಿಕ್ಕಿತು?” ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಲೆಕ್ಕ ಹಾಕಿಲ್ಲ ಬಿಡಿ” ಎಂದು ನಕ್ಕರು.

ನಾನು ವಿಜ್ಞಾನದ ವಿದ್ಯಾರ್ಥಿಯಾಗಿದ್ದವನು. ಲೆಕ್ಕ ಹಾಕಿಲ್ಲ ಎಂದರೆ ನನಗೆ ಸಮಾಧಾನವಾಗುವುದಿಲ್ಲ. ಹಾಡು ಮತ್ತು ನಾಟಕದಲ್ಲಿ ಪಾಲ್ಗೊಂಡ ಮಕ್ಕಳಿಗೆ, ಯುವಕರಿಗೆ, ಅವರ ಊರಿಗೆ ಏನಾಗುತ್ತದೆ ಎಂಬ ಪ್ರಶ್ನೆಯನ್ನು ವಿಶ್ವವಿದ್ಯಾಲಯಗಳ ವಿದ್ವಾಂಸರು ಕೆಲವು ದಶಕಗಳಿಂದ ಕೇಳುತ್ತಿದ್ದಾರೆ. ಅವರ ಉತ್ತರಗಳನ್ನು ನಮ್ಮ ನಾಡಿನ ಇತಿಹಾಸದ ಪಕ್ಕದಲ್ಲಿಟ್ಟು ನೋಡುವುದು ಈ ಲೇಖನದ ಉದ್ದೇಶ.

ಪಶ್ಚಿಮದವರು ಒಪೆರಾ ಎಂದು ಕರೆಯುವುದನ್ನು ನಾವು ಗೀತನಾಟಕ ಎನ್ನುತ್ತೇವೆ. ಅಲ್ಲಿ ಅದು ಬಹುಕಾಲ ಅರಮನೆಯ, ದೊಡ್ಡ ರಂಗಮಂದಿರಗಳ ಕಲೆಯಾಗಿತ್ತು. ನಮ್ಮಲ್ಲಿ ಹಾಡಿಲ್ಲದ ನಾಟಕವೇ ಇತ್ತೀಚಿನದು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರರು 1880ರಲ್ಲಿ ಪುಣೆಯಲ್ಲಿ ‘ಸಂಗೀತ ಶಾಕುಂತಲ’ವನ್ನು ಮರಾಠಿಯಲ್ಲಿ ಆಡಿಸಿದರು. ಅದೇ ದಶಕದಲ್ಲಿ ಮೈಸೂರಿನ ಅರಮನೆಯ ಆಶ್ರಯದಲ್ಲಿ ಬಸವಪ್ಪ ಶಾಸ್ತ್ರಿಗಳ ಕನ್ನಡ ಶಾಕುಂತಲ ರಂಗವೇರಿತು. 1884ರಲ್ಲಿ ಗುಬ್ಬಿಯಲ್ಲಿ ಚನ್ನಬಸವೇಶ್ವರ ನಾಟಕ ಕಂಪನಿ ಹುಟ್ಟಿತು. ಮುಂದೆ ಗುಬ್ಬಿ ವೀರಣ್ಣನವರ ಕೈಯಲ್ಲಿ ಅದು ನಾಡಿನ ಮನೆಮಾತಾಯಿತು.

ಈ ಕಂಪನಿಗಳು ಮಕ್ಕಳ ಪಾಲಿಗೆ ಶಾಲೆಯೂ ಆಗಿದ್ದವು ಎಂಬುದನ್ನು ನಾವು ಮರೆಯುತ್ತೇವೆ. ರಾಜ್‌ಕುಮಾರ್ ಅವರು ತಂದೆಯ ಜೊತೆ ಗುಬ್ಬಿ ಕಂಪನಿ ಸೇರಿದ್ದು ಹುಡುಗನಾಗಿದ್ದಾಗ. ಜಿ.ವಿ. ಅಯ್ಯರ್ ಅವರದೂ ಹಾಗೆಯೇ. ಬಂಟ್ವಾಳದ ಮಂಚಿ ಗ್ರಾಮದ ಹುಡುಗ ಬಿ.ವಿ. ಕಾರಂತರು ಮನೆ ಬಿಟ್ಟು ಬಂದು ಸೇರಿದ್ದೂ ಅಲ್ಲಿಗೇ. ಕಾರಂತರನ್ನು ಮುಂದೆ ಓದಲೆಂದು ಕಾಶಿಗೆ ಕಳುಹಿಸಿದವರು ವೀರಣ್ಣನವರು. ಶಾಲೆಯಲ್ಲಿ ಸಿಗದ ಉಚ್ಚಾರಣೆ, ತಾಳಜ್ಞಾನ, ನೆನಪಿನ ಶಿಸ್ತು ಇವರಿಗೆಲ್ಲ ಕಂಪನಿಯಲ್ಲಿ ಸಿಕ್ಕವು. ಆದರೆ ಹೀಗೆ ಬೆಳೆದು ಹೆಸರಾದವರನ್ನು ಮಾತ್ರ ನಾವು ಬಲ್ಲೆವು. ಅದೇ ಪಡಸಾಲೆಯಲ್ಲಿ ಮಲಗಿ, ಹೆಸರಿಲ್ಲದೆ ಮರಳಿಹೋದ ಹುಡುಗರ ಕಥೆ ಯಾರಿಗೂ ಗೊತ್ತಿಲ್ಲ. ಗೆದ್ದವರನ್ನಷ್ಟೇ ಎಣಿಸಿದರೆ ಲೆಕ್ಕ ತಪ್ಪುತ್ತದೆ. ಈ ಎಚ್ಚರಿಕೆ ಮುಂದೆಯೂ ನಮಗೆ ಬೇಕು.

ಕಂಪನಿಗಳ ಹಾಡು ಹಳ್ಳಿಗೆ ಇಳಿದಾಗ ಒಂದು ವಿಶೇಷ ನಡೆಯಿತು. ಗುಬ್ಬಿ ಕಂಪನಿ ಆನೆ ಕುದುರೆಗಳನ್ನು ತಂದು ವೈಭವದಿಂದ ಆಡಿದ ‘ಕುರುಕ್ಷೇತ್ರ’ದ ಕಥೆಯನ್ನು, ಬೆಂಗಳೂರು, ಕೋಲಾರ, ತುಮಕೂರು, ಮಂಡ್ಯ ಸೀಮೆಯ ಹಳ್ಳಿಗಳಲ್ಲಿ ರೈತರ ಮಕ್ಕಳೇ ಆಡತೊಡಗಿದರು. ಇಲ್ಲಿ ನಟನಿಗೆ ಸಂಬಳವಿಲ್ಲ, ನಟನೇ ಹಣ ಕೊಡಬೇಕು. ಕೃಷ್ಣನಿಗೆ ಇಷ್ಟು, ದುರ್ಯೋಧನನಿಗೆ ಇಷ್ಟು, ಚಿಕ್ಕ ಪಾತ್ರಕ್ಕೆ ಇಷ್ಟು ಎಂದು ನಿಗದಿ. ಆ ಹಣದಲ್ಲಿ ಮೇಷ್ಟ್ರ ಸಂಭಾವನೆ, ಬಾಡಿಗೆಯ ಸೀನರಿ, ವೇಷಭೂಷಣ, ಕರಪತ್ರ ಎಲ್ಲವೂ ಆಗಬೇಕು. ಕರಪತ್ರದಲ್ಲಿ ಪ್ರತಿಯೊಬ್ಬನ ಹೆಸರೂ ಅಚ್ಚಾಗುತ್ತದೆ. ರಾತ್ರಿ ಆರಂಭವಾದ ಆಟ ಬೆಳಕು ಹರಿಯುವಾಗ ಮುಗಿಯುತ್ತದೆ. ತನ್ನ ಮಗನೊ ಅಳಿಯನೊ ರಂಗಕ್ಕೆ ಬಂದರೆ ಬಂಧುಗಳು ಹಾರ ಹಿಡಿದು ನಿಲ್ಲುತ್ತಾರೆ. ಹಾಡು ಹಿಡಿಸಿದರೆ ಜನ ಮತ್ತೊಮ್ಮೆ ಹಾಡಿಸುತ್ತಾರೆ. ಇದನ್ನೇ ಈಗಿನ ವಿದ್ವಾಂಸರು ‘ಸಮುದಾಯದ ಪಾಲ್ಗೊಳ್ಳುವಿಕೆ’ ಎನ್ನುತ್ತಾರೆ.

ಆದರೆ ಸಮುದಾಯ ಎಂದರೆ ಯಾರು? ದ್ರೌಪದಿಯ, ಕುಂತಿಯ ಪಾತ್ರಕ್ಕೆ ನಗರದಿಂದ ವೃತ್ತಿ ಕಲಾವಿದೆಯರನ್ನು ಹಣ ಕೊಟ್ಟು ಕರೆಸುವುದು ರೂಢಿ. ಊರಿನ ಹೆಣ್ಣುಮಕ್ಕಳು ಚಾಪೆ ಹಾಸಿ ಕುಳಿತು ನೋಡುವವರು. ಪಾತ್ರದ ಹಣ ಹೊಂದಿಸಲಾಗದ ಕೂಲಿಯವನ ಮಗನೂ ಅಷ್ಟೆ. ಇಡೀ ಊರೇ ಹಾಡಿತು ಎನ್ನುವಾಗ ಅರ್ಧ ಊರು ಹಾಡಲಿಲ್ಲ ಎಂಬುದನ್ನೂ ಸೇರಿಸಿ ಹೇಳಬೇಕು.

ಈ ಕೊರತೆಯನ್ನು ಅರಿತವರಂತೆ ಮಕ್ಕಳ ರಂಗಭೂಮಿಯನ್ನು ಬೇರೆ ರೀತಿಯಲ್ಲಿ ಕಟ್ಟಿದವರು ಕಾರಂತ ದಂಪತಿಗಳು. 1970ರ ದಶಕದ ಆರಂಭದಲ್ಲಿ ಬೆಂಗಳೂರಿನಲ್ಲಿ ಬಿ.ವಿ. ಕಾರಂತರು ‘ಪಂಜರ ಶಾಲೆ’ಯನ್ನು ಮಕ್ಕಳಿಂದ ಆಡಿಸಿದರು. ಗಿಳಿಗೆ ವಿದ್ಯೆ ಕಲಿಸಲು ಹೊರಟು ಅದನ್ನೇ ಕೊಲ್ಲುವ ರವೀಂದ್ರನಾಥ ಠಾಕೂರರ ಕಥೆ ಅದಕ್ಕೆ ಆಧಾರ. ಶಾಲೆಯನ್ನು ಕುರಿತು ಮಕ್ಕಳೇ ನಗುವ ನಾಟಕ ಅದು. ಕಾರಂತರ ರಂಗಸಂಗೀತಕ್ಕೆ ದುಬಾರಿ ವಾದ್ಯಗಳು ಬೇಕಿರಲಿಲ್ಲ. ಕೋಲು, ಕಲ್ಲು, ಡಬ್ಬ, ಬಾಯಿಂದ ಹೊರಡಿಸುವ ಸದ್ದು, ಎಲ್ಲವೂ ಅವರಿಗೆ ಸ್ವರವಾಗುತ್ತಿದ್ದವು. ರಾಗ ಬಾರದ ಮಗುವಿಗೂ ಅಲ್ಲಿ ಒಂದು ಜಾಗವಿತ್ತು. ಪ್ರೇಮಾ ಕಾರಂತರು ಇದೇ ಕೆಲಸವನ್ನು ಬೆನಕ ಮಕ್ಕಳ ಕೇಂದ್ರದಲ್ಲಿ ಮುಂದುವರಿಸಿದರು. ಹುಡುಗಿಯರೂ ಹುಡುಗರೂ ಒಂದೇ ಸಾಲಿನಲ್ಲಿ ನಿಂತು ಹಾಡುವುದು ಇಲ್ಲಿ ಸಹಜವಾಯಿತು.

ಕುತೂಹಲದ ಸಂಗತಿಯೆಂದರೆ, ಇಂಗ್ಲೆಂಡಿನಲ್ಲೂ ಹೀಗೊಂದು ಪ್ರಯತ್ನ ನಡೆದಿತ್ತು. ಅಲ್ಲಿನ ಸಂಗೀತಕಾರ ಬೆಂಜಮಿನ್ ಬ್ರಿಟನ್ 1949ರಲ್ಲಿ, ಹೊಗೆಕೊಳವೆ ಶುಚಿ ಮಾಡುವ ಬಡ ಹುಡುಗನ ಕಥೆಯನ್ನು ಒಪೆರಾ ಮಾಡಿ, ಪ್ರೇಕ್ಷಕರೂ ನಾಲ್ಕು ಹಾಡುಗಳನ್ನು ಹಾಡುವಂತೆ ರಚಿಸಿದರು. 1958ರಲ್ಲಿ ಆರ್ಫರ್ಡ್ ಎಂಬ ಊರಿನ ಚರ್ಚಿನಲ್ಲಿ ನೋವನ ಮಹಾಪೂರದ ಕಥೆಯನ್ನು ಆ ಸೀಮೆಯ ಶಾಲಾ ಮಕ್ಕಳಿಂದ ಆಡಿಸಿದರು. ಅದರಲ್ಲಿ ಮಳೆ ಹನಿಯ ಸದ್ದಿಗಾಗಿ ಚಹಾ ಕುಡಿಯುವ ಮಗ್ಗುಗಳನ್ನು ದಾರಕ್ಕೆ ತೂಗುಹಾಕಿ ಬಾರಿಸಲಾಯಿತು. ಕಾರಂತರ ಡಬ್ಬಕ್ಕೂ ಬ್ರಿಟನ್ನರ ಮಗ್ಗಿಗೂ ಇರುವ ನಂಟು ದೊಡ್ಡದು. ಕಲಿತವನ ಪಕ್ಕದಲ್ಲಿ ಕಲಿಯದವನೂ ನಿಲ್ಲಲಿ ಎಂಬುದೇ ಆ ನಂಟು.

ಇಂಥ ಕೆಲಸದ ಫಲವನ್ನು ಅಳೆಯಲು ವಿದ್ವಾಂಸರು ಮುಂದಾದದ್ದು ಅನಂತರ. 1997ರಲ್ಲಿ ಫ್ರಾಂಸ್ವಾ ಮಟರಾಸೊ ಎಂಬ ಸಂಶೋಧಕರು ಬ್ರಿಟನ್ನಿನಲ್ಲಿ ಪ್ರಕಟಿಸಿದ ವರದಿಯೊಂದು, ಕಲೆಯಲ್ಲಿ ಪಾಲ್ಗೊಳ್ಳುವುದರಿಂದ ಆಗುವ 50 ಸಾಮಾಜಿಕ ಪರಿಣಾಮಗಳನ್ನು ಪಟ್ಟಿ ಮಾಡಿತು. ಆತ್ಮವಿಶ್ವಾಸ, ಹೊಸ ಗೆಳೆತನ, ಊರಿನ ಬಗ್ಗೆ ಅಭಿಮಾನ, ಹೀಗೆ. 2002ರಲ್ಲಿ ಪಾವೊಲಾ ಮೆರ್ಲಿ ಎಂಬ ವಿದುಷಿ ಅದನ್ನು ಕಟುವಾಗಿ ವಿಮರ್ಶಿಸಿದರು. ಪಾಲ್ಗೊಂಡವರನ್ನೇ ಕೇಳಿ ಪಡೆದ ಉತ್ತರ ಸಾಕ್ಷ್ಯವಾಗದು, ಕಾರಣ ಯಾವುದು, ಕಾರ್ಯ ಯಾವುದು ಎಂದು ಅದರಿಂದ ತಿಳಿಯದು ಎಂಬುದು ಅವರ ಆಕ್ಷೇಪ. ಬಡತನದ ಮೂಲವನ್ನು ಮುಟ್ಟದೆ, ಅದನ್ನು ಸಹಿಸಿಕೊಳ್ಳುವಂತೆ ಮಾಡಲು ಕಲೆಯನ್ನು ಬಳಸಬಾರದು ಎಂದೂ ಅವರು ಎಚ್ಚರಿಸಿದರು.

ಪ್ರಯೋಗಶಾಲೆಯ ಶಿಸ್ತಿಗೆ ಹತ್ತಿರವಾದ ಅಧ್ಯಯನವೊಂದು 2004ರಲ್ಲಿ ಕೆನಡಾದಿಂದ ಬಂದಿತು. ಗ್ಲೆನ್ ಶೆಲೆನ್‌ಬರ್ಗ್ ಎಂಬ ಮನಶ್ಶಾಸ್ತ್ರಜ್ಞರು ಆರು ವರ್ಷದ 144 ಮಕ್ಕಳನ್ನು ಚೀಟಿ ಎತ್ತಿದ ಹಾಗೆ ನಾಲ್ಕು ಗುಂಪು ಮಾಡಿದರು. ಒಂದು ಗುಂಪಿಗೆ ಕೀಬೋರ್ಡ್, ಇನ್ನೊಂದಕ್ಕೆ ಹಾಡುಗಾರಿಕೆ, ಮತ್ತೊಂದಕ್ಕೆ ನಾಟಕ ಕಲಿಸಿದರು. ನಾಲ್ಕನೆಯದಕ್ಕೆ ಆ ವರ್ಷ ಯಾವ ಪಾಠವೂ ಇಲ್ಲ. ಚೀಟಿ ಎತ್ತುವುದೇಕೆಂದರೆ, ಸಂಗೀತ ಪಾಠಕ್ಕೆ ಹೋಗುವ ಮಕ್ಕಳು ಸಾಮಾನ್ಯವಾಗಿ ಅನುಕೂಲಸ್ಥರ ಮಕ್ಕಳೇ ಆಗಿರುತ್ತಾರೆ. ಅವರ ಜಾಣತನ ಸಂಗೀತದಿಂದ ಬಂದದ್ದೊ ಮನೆಯಿಂದ ಬಂದದ್ದೊ ತಿಳಿಯುವುದಿಲ್ಲ. ವರ್ಷದ ಕೊನೆಯಲ್ಲಿ ಸಂಗೀತದ ಎರಡು ಗುಂಪುಗಳ ಬುದ್ಧಿಮತ್ತೆಯ ಅಂಕ ಉಳಿದವರಿಗಿಂತ ತುಸು ಹೆಚ್ಚು ಏರಿತ್ತು. ವ್ಯತ್ಯಾಸ ಸಣ್ಣದು. ನಾಟಕ ಕಲಿತವರಲ್ಲಿ ಮಾತ್ರ ಬೇರೊಂದು ಬದಲಾವಣೆ ಕಂಡಿತು. ಇತರರೊಡನೆ ಹೊಂದಿಕೊಂಡು ನಡೆಯುವ ಗುಣ ಅವರಲ್ಲಿ ಹೆಚ್ಚಿತ್ತು.

ನಮ್ಮ ಕರ್ಣನ ಆರು ತಿಂಗಳ ಪಾಠದಲ್ಲಿ ಹಾಡೂ ಇತ್ತು, ನಾಟಕವೂ ಇತ್ತು. ಕೆನಡಾದ ಆರು ವರ್ಷದ ಮಕ್ಕಳ ಫಲಿತಾಂಶವನ್ನು ದೊಡ್ಡನೆಕ್ಕುಂದಿಯ ಯುವಕನಿಗೆ ಹಾಗೆಯೇ ಅಂಟಿಸುವಂತಿಲ್ಲ. ಆದರೂ ಅದರಿಂದ ಒಂದು ಪಾಠ ಕಲಿಯಬಹುದು. ಫಲ ಸಿಕ್ಕಿತೆ ಎಂದು ಕೇಳುವ ಮೊದಲು ಅವಕಾಶ ಯಾರಿಗೆ ಸಿಕ್ಕಿತು ಎಂದು ಕೇಳಬೇಕು.

ಅವಕಾಶವೇ ಇಲ್ಲದವರಿಗೆ ರಂಗ ತೆರೆದಾಗ ಏನಾಗಬಹುದು ಎಂಬುದಕ್ಕೆ ಕರ್ನಾಟಕದಲ್ಲೇ ನಿದರ್ಶನವಿದೆ. 1949ರಲ್ಲಿ ಹೆಗ್ಗೋಡಿನಲ್ಲಿ ಹುಟ್ಟಿದ ನೀನಾಸಂ, ಕೆ.ವಿ. ಸುಬ್ಬಣ್ಣನವರ ನೇತೃತ್ವದಲ್ಲಿ 1980ರ ದಶಕದಲ್ಲಿ ‘ಜನಸ್ಪಂದನ’ ಎಂಬ ಯೋಜನೆಯ ಮೂಲಕ ಊರೂರಿನಲ್ಲಿ ರಂಗಶಿಬಿರಗಳನ್ನು ನಡೆಸಿತು. ಅದೇ ದಶಕದಲ್ಲಿ ಚಿದಂಬರರಾವ್ ಜಂಬೆಯವರು ಉತ್ತರ ಕನ್ನಡದ ಮಂಚಿಕೇರಿ ಸೀಮೆಯ ಸಿದ್ದಿ ಜನರೊಡನೆ ನಾಟಕವೊಂದನ್ನು ಕಟ್ಟಿದರು. ಆಫ್ರಿಕಾದ ಚಿನುವಾ ಅಚಿಬೆಯವರ ಕಾದಂಬರಿಯೊಂದು ಅದರ ವಸ್ತು. ಶತಮಾನಗಳ ಹಿಂದೆ ಆಫ್ರಿಕಾದಿಂದ ಬಂದವರ ಸಂತತಿ ಆಫ್ರಿಕಾದ ಕಥೆಯನ್ನು ಕನ್ನಡದಲ್ಲಿ ಆಡಿತು. ಮುಂದೆ ಆ ಸಮುದಾಯದ ತರುಣ ತರುಣಿಯರು ನೀನಾಸಂ ರಂಗಶಿಕ್ಷಣ ಕೇಂದ್ರದಲ್ಲಿ ಕಲಿತು ನಟರಾಗಿ, ಹಾಡುಗಾರರಾಗಿ ಹೊರಬಂದರು. ಒಂದು ನಾಟಕದಿಂದ ಅವರ ಬಡತನ ನೀಗಲಿಲ್ಲ. ಮೆರ್ಲಿಯವರ ಎಚ್ಚರಿಕೆ ಇಲ್ಲಿಯೂ ಸಲ್ಲುತ್ತದೆ. ಆದರೆ ನೋಡುವವರಾಗಿ ಉಳಿದಿದ್ದವರು ಆಡುವವರಾದರು. ಇದು ಸಣ್ಣ ಸಂಗತಿಯಲ್ಲ.

ಈಗ ಮತ್ತೆ ದೊಡ್ಡನೆಕ್ಕುಂದಿಗೆ ಬರೋಣ. 2007ರಲ್ಲಿ ಮಹದೇವಪುರ ನಗರಸಭೆ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯಲ್ಲಿ ವಿಲೀನವಾದಾಗ ಈ ಭಾಗದ ಹಳ್ಳಿಗಳು ನಗರದ ವಾರ್ಡುಗಳಾದವು. ಹೊಲಗಳ ಜಾಗದಲ್ಲಿ ಕಟ್ಟಡಗಳು ಎದ್ದವು. ಮೇಷ್ಟ್ರ ಪಾಠ ನಡೆಯುತ್ತಿದ್ದ ಜಗುಲಿಯನ್ನು ಹಿರಿಯರು ಕೈಚಾಚಿ ತೋರಿಸಿದ ಕಡೆ ಈಗ ವಾಹನಗಳು ನಿಂತಿರುತ್ತವೆ. ಬೇಸಿಗೆ ಬಂದರೆ ನಗರದಲ್ಲಿ ಮಕ್ಕಳ ರಂಗಶಿಬಿರಗಳಿಗೇನೂ ಕೊರತೆಯಿಲ್ಲ. ಶುಲ್ಕ ಕೊಟ್ಟವರ ಮಕ್ಕಳು ಹಾಡುತ್ತಾರೆ. ಆ ಕಟ್ಟಡಗಳನ್ನೇ ಕಟ್ಟಲು ರಾಯಚೂರು, ಯಾದಗಿರಿ ಕಡೆಯಿಂದ ಬಂದವರ ಮಕ್ಕಳು ತಗಡಿನ ಶೆಡ್ಡಿನ ಮುಂದೆ ಆಡಿಕೊಂಡಿರುತ್ತಾರೆ. ಪಾತ್ರದ ಹಣ ಹೊಂದಿಸಲಾಗದ ಕೂಲಿಯವನ ಮಗ ಅಂದು ನಿಂತಿದ್ದ ಜಾಗದಲ್ಲೇ ಇಂದು ಇವರು ನಿಂತಿದ್ದಾರೆ.

ನಮ್ಮ ವಿಶ್ವವಿದ್ಯಾಲಯಗಳ ಸಂಶೋಧಕರಿಗೆ ಇಲ್ಲಿ ಎರಡು ಕೆಲಸಗಳು ಕಾದಿವೆ. ಹಳೆಯ ಕರಪತ್ರಗಳು, ಕೈಬರಹದ ಪ್ರತಿಗಳು, ಮಟ್ಟು ಬಲ್ಲ ಹಿರಿಯರ ನೆನಪು ಕೈತಪ್ಪುವ ಮೊದಲು ಸಂಗ್ರಹಿಸುವುದು ಮೊದಲನೆಯದು. ಕರಪತ್ರವೆಂದರೆ ಯಾವ ವರ್ಷ ಯಾವ ಮನೆಯ ಯಾರು ಹಾಡಿದರು ಎಂಬುದರ ದಾಖಲೆ. ಅದರಲ್ಲಿ ಯಾರ ಹೆಸರಿಲ್ಲ ಎಂಬುದೂ ದಾಖಲೆಯೇ. ಇಂದಿನ ಶಿಬಿರಗಳಲ್ಲಿ ಯಾವ ಮಕ್ಕಳು ಒಳಗಿದ್ದಾರೆ, ಯಾರು ಹೊರಗಿದ್ದಾರೆ ಎಂದು ಎಣಿಸುವುದು ಎರಡನೆಯದು. ಮಕ್ಕಳ ಬುದ್ಧಿಮತ್ತೆ ಎಷ್ಟು ಅಂಕ ಏರಿತು ಎಂಬುದನ್ನು ಆಮೇಲೆ ಅಳೆದರಾಯಿತು.

ಹೊರಡುವ ಮುನ್ನ ಕರ್ಣನ ಒಂದು ಪದ್ಯ ಹೇಳುವಂತೆ ಹಿರಿಯರನ್ನು ಕೇಳಿಕೊಂಡೆ. ದನಿ ನಡುಗುತ್ತಿತ್ತು, ತಾಳ ಮಾತ್ರ ತಪ್ಪಲಿಲ್ಲ. ಪಕ್ಕದ ಕಟ್ಟಡದಲ್ಲಿ ಇಟ್ಟಿಗೆ ಹೊರುತ್ತಿದ್ದ ಹೆಂಗಸರು ಕೆಲಸ ನಿಲ್ಲಿಸಿ ನೋಡಿದರು. ಅವರೊಡನಿದ್ದ ಹುಡುಗಿಯೊಬ್ಬಳು ಹತ್ತಿರ ಬಂದು ನಿಂತಳು. ಪದ್ಯ ಮುಗಿದ ಮೇಲೆ, “ಅಜ್ಜಾ, ನನಗೂ ಹೇಳಿಕೊಡ್ತೀಯೇನು?” ಎಂದಳು. ಹಿರಿಯರು ನನ್ನ ಮುಖ ನೋಡಿದರು. ಆಮೇಲೆ ಅವಳಿಗಾಗಿ ಮೊದಲ ಸಾಲನ್ನು ಇನ್ನೊಮ್ಮೆ ನಿಧಾನವಾಗಿ ಹೇಳಿದರು.