ಮಾಡಲಾರೆಯೋ, ಮಾಡಲೊಲ್ಲೆಯೋ?

ಮನೆಗೆ ಬ್ರಾಡ್‌ಬ್ಯಾಂಡ್ ಬೇಕೆಂದು ಅರ್ಜಿ ಹಾಕಿದ್ದೆ. ಮೂರು ದಿನ ಬಿಟ್ಟು ಮೊಬೈಲಿಗೆ ಉತ್ತರ ಬಂತು: ‘ನಾಟ್ ಫೀಸಿಬಲ್’. ಅಷ್ಟೇ. ಎದುರು ಮನೆಗೆ ಅದೇ ಕಂಪನಿಯ ಸಂಪರ್ಕ ಇದೆ. ನನಗೇಕೆ ಇಲ್ಲ ಎಂಬುದು ಮಾತ್ರ ಅದರಲ್ಲಿ ಇರಲಿಲ್ಲ.

ಫೀಸಿಬಲ್ ಎಂಬ ಪದ 15ನೇ ಶತಮಾನದಲ್ಲಿ ಫ್ರೆಂಚಿನಿಂದ ಇಂಗ್ಲಿಷಿಗೆ ಬಂದದ್ದು. ‘ಮಾಡು’ ಎಂಬರ್ಥದ ‘ಫೇರ್’ ಅದರ ಮೂಲ. ಮಾಡಬಹುದಾದದ್ದು ಫೀಸಿಬಲ್, ಮಾಡಲಾಗದ್ದು ಇನ್‌ಫೀಸಿಬಲ್. ಅನ್‌ಫೀಸಿಬಲ್ ಎಂದರೂ ನಡೆಯುತ್ತದೆ. ಫೀಸಿಬಲ್ ಪದವನ್ನು ‘ಸಂಭವನೀಯ’ ಎಂಬರ್ಥದಲ್ಲಿ ಬಳಸುವುದನ್ನು ಎಚ್. ಡಬ್ಲ್ಯು. ಫೌಲರ್ 1926ರ ತಮ್ಮ ಪದಬಳಕೆಯ ಕೋಶದಲ್ಲಿ ಆಕ್ಷೇಪಿಸಿದ್ದರು. ಅವರ ಮಾತು ಸರಿ. ನಾಳೆ ಜ್ವರ ಬರಬಹುದು. ಅದು ಸಂಭವ, ಫೀಸಿಬಲ್ ಅಲ್ಲ. ಜ್ವರವನ್ನು ಯಾರೂ ಮಾಡುವುದಿಲ್ಲವಲ್ಲ!

ನನ್ನ ಮಟ್ಟಿಗೆ ಈ ಪದವನ್ನು ಅತ್ಯಂತ ಪ್ರಾಮಾಣಿಕವಾಗಿ ಬಳಸುವವರು ಗಣಿತದವರು. 1947ರಲ್ಲಿ ಗಣಿತಜ್ಞ ಜಾರ್ಜ್ ಡಾಂಟ್ಜಿಗ್ ಸಿಂಪ್ಲೆಕ್ಸ್ ಎಂಬ ವಿಧಾನ ರೂಪಿಸಿದ್ದು ಲೀನಿಯರ್ ಪ್ರೋಗ್ರಾಮಿಂಗ್‌ಗಾಗಿ, ಅಂದರೆ ಷರತ್ತುಗಳೊಳಗೆ ಅತ್ಯುತ್ತಮ ಉತ್ತರ ಹುಡುಕುವ ಲೆಕ್ಕಕ್ಕಾಗಿ. ಅಲ್ಲಿ ಎಲ್ಲ ಷರತ್ತುಗಳನ್ನೂ ಒಟ್ಟಿಗೆ ಪೂರೈಸುವ ಉತ್ತರ ಒಂದೂ ಇಲ್ಲದಿದ್ದರೆ ಮಾತ್ರ ಲೆಕ್ಕ ಇನ್‌ಫೀಸಿಬಲ್. ಹತ್ತು ಕಿಲೋ ಅಕ್ಕಿ ತರಬೇಕು. ಚೀಲ ಎಂಟು ಕಿಲೋ ಹಿಡಿಸುತ್ತದೆ. ಒಂದೇ ಚೀಲದಲ್ಲಿ, ಒಂದೇ ಸಲಕ್ಕೆ ತರಬೇಕು. ಇದು ಇನ್‌ಫೀಸಿಬಲ್. ಎರಡು ಚೀಲಕ್ಕೆ ಒಪ್ಪಿದಿರೋ, ಕೆಲಸ ಆಯಿತು. ಅಡ್ಡಿ ಯಾವುದೆಂದು ತಿಳಿದರೆ ಅದನ್ನು ಸಡಿಲಿಸುವ ದಾರಿಯನ್ನಾದರೂ ಹುಡುಕಬಹುದು.

ಕಡತದ ಕನ್ನಡದಲ್ಲಿ ‘ಕಾರ್ಯಸಾಧುವಲ್ಲ’ ಎನ್ನುತ್ತೇವೆ. ಅಲ್ಲಿಯೂ ಯಾರಿಗೆ ಆಗದು ಎಂಬುದು ಇಲ್ಲ. ನಮ್ಮ ಕ್ರಿಯಾಪದ ಹಾಗೆ ಮುಚ್ಚಿಡುವುದಿಲ್ಲ. ಮಾಡಲಾರೆ ಎಂದರೆ ನನ್ನಿಂದಾಗದು. ಮಾಡಲೊಲ್ಲೆ ಎಂದರೆ ನನಗೆ ಮನಸ್ಸಿಲ್ಲ. ಮಾಡಲಾರರು, ಮಾಡಲೊಲ್ಲರು ಎಂದರೆ ಮಾತು ಅವರದಾಯಿತು. ಆಗದವರು ಯಾರು, ಕೊರತೆ ಶಕ್ತಿಯದೋ ಮನಸ್ಸಿನದೋ, ಎಲ್ಲವೂ ಒಂದೇ ಪದದೊಳಗಿದೆ. ಇಂಥ ಸೂಕ್ಷ್ಮ ಕೈಯಲ್ಲಿರುವಾಗ ‘ನಾಟ್ ಫೀಸಿಬಲ್’ ಎಂಬ ಒಂದೇ ಮೊಹರು ಒತ್ತಿ ಕಳಿಸುವುದು ನನಗೆ ಸರಿಕಾಣದು.

ಒಂದು ಬೆಳಿಗ್ಗೆ ನಮ್ಮ ಬೀದಿಯ ಕಂಬಕ್ಕೆ ಏಣಿ ಹಾಕಿ ಕೇಬಲ್ ಸರಿಮಾಡುತ್ತಿದ್ದ ಹುಡುಗನನ್ನೇ ಕೇಳಿದೆ. ಡಬ್ಬಿಯ ಮುಚ್ಚಳ ತೆಗೆದು ತೋರಿಸಿದ. “ಎಂಟು ಪೋರ್ಟ್ ಸಾರ್, ಎಂಟೂ ಫುಲ್. ಇನ್ನೊಂದು ಡಬ್ಬಿ ಹಾಕಿದ್ರೆ ನಿಮಗೂ ಕೊಡಬಹುದು.” ಮೂರು ದಿನ ಕಾಯಿಸಿ ಹೇಳದ್ದನ್ನು ಅವನು ಅರ್ಧ ನಿಮಿಷದಲ್ಲಿ ಹೇಳಿದ್ದ. ನನ್ನ ಬೇಸರ ಅಲ್ಲೇ ಇಳಿಯಿತು.

ಅರ್ಜಿಗಳಿಗೆ ಉತ್ತರ ಬರೆಯುವ ಜಾಗದಲ್ಲಿ ಕುಳಿತವರಲ್ಲಿ ನನ್ನದೊಂದು ಬಿನ್ನಹ. ಆಗದು ಎಂದು ಬರೆಯುವಾಗ, ಏಕೆ ಆಗದು ಎಂಬ ಇನ್ನೊಂದು ಸಾಲನ್ನೂ ದಯವಿಟ್ಟು ಬರೆಯಿರಿ.